ಹಾಜರಿ ಪುಸ್ತಕಕ್ಕೆ ಬಂದ ಮಗು ಪಾಠದೊಳಕ್ಕೆ ಬರುವುದು ಯಾವಾಗ?

ನನ್ನ ಅಕ್ಕನ ಮಗನಿಗೆ ಕಿವಿ ಸರಿಯಾಗಿ ಕೇಳಿಸುವುದಿಲ್ಲ. ಎರಡೂ ಕಿವಿಗೆ ಮಷಿನ್ ಇದೆ. ಮಂಡ್ಯ ಜಿಲ್ಲೆಯ ಒಂದು ಹಳ್ಳಿ ಶಾಲೆಯಲ್ಲಿ ಮೂರನೇ ಕ್ಲಾಸಿನವರೆಗೆ ಖುಷಿಯಾಗಿಯೇ ಓದಿದ. ನಾಲ್ಕನೇ ಕ್ಲಾಸಿಗೆ ಹೋದ ಎರಡೇ ತಿಂಗಳಿಗೆ ಮನೆಗೆ ದೂರು ಬಂತು. ಹುಡುಗ ಗಮನ ಕೊಡುವುದಿಲ್ಲ, ಹಿಂದೆ ಬಿದ್ದಿದ್ದಾನೆ ಅಂತ. ಹುಡುಗ ಅದೇ, ಕಿವಿ ಅದೇ, ಊರೂ ಅದೇ. ಹಾಗಾದರೆ ಬದಲಾಗಿದ್ದು ಏನು ಅಂತ ಅಕ್ಕ ಶಾಲೆಗೆ ಹೋಗಿ ಒಂದು ಬೆಳಗ್ಗೆ ಪೂರ್ತಿ ಬಾಗಿಲ ಹತ್ತಿರ ನಿಂತು ನೋಡಿದಳು. ಮೊದಲ ಮೂರು ವರ್ಷ ಮಕ್ಕಳು ನೆಲದ ಮೇಲೆ ದುಂಡಗೆ ಕೂರುತ್ತಿದ್ದರು, ಟೀಚರೂ ಅವರ ಜೊತೆಗೇ ಕೂರುತ್ತಿದ್ದರು, ಅವರ ಮುಖ ಇವನಿಗೆ ಕಾಣುತ್ತಿತ್ತು. ನಾಲ್ಕನೇ ಕ್ಲಾಸಿನಲ್ಲಿ ಸಾಲು ಬೆಂಚು. ಮೇಷ್ಟ್ರು ಬೋರ್ಡಿನ ಕಡೆ ತಿರುಗಿ ಬರೆಯುತ್ತಾ, ಬರೆಯುತ್ತಲೇ ವಿವರಿಸುತ್ತಿದ್ದರು. ಇವನಿಗೆ ಅರ್ಧ ಮಾತು ಕಿವಿಯಿಂದ ಬಂದರೆ ಇನ್ನರ್ಧ ತುಟಿ ನೋಡಿ ಬರಬೇಕು. ಬೆನ್ನು ನೋಡಿದರೆ ಏನು ತಿಳಿಯುತ್ತದೆ?

ಆ ದೂರಿನ ಬೆನ್ನು ಹತ್ತಿ ನಾನು ಈ ವಿಷಯ ಓದುತ್ತಾ ಹೋದೆ. ಓದಿದ ಮೇಲೆ ಅನ್ನಿಸಿದ್ದು ಒಂದೇ. ನೂರಿಪ್ಪತ್ತು ವರ್ಷದಲ್ಲಿ ಇಂಥ ಮಕ್ಕಳನ್ನು ಕೂರಿಸುವ ಜಾಗವನ್ನು ನಾವು ಮತ್ತೆ ಮತ್ತೆ ಬದಲಾಯಿಸಿದ್ದೇವೆ, ಕಲಿಸುವ ರೀತಿಯನ್ನು ಅಷ್ಟು ಬದಲಾಯಿಸಿಲ್ಲ. ಸಂಕಟ ಅಂದರೆ, ಅದಕ್ಕೆ ಬೇಕಾದ ತಿಳಿವಳಿಕೆಯೂ ವಿಧಾನವೂ ನಮ್ಮ ಮೈಸೂರು ಸೀಮೆಯಲ್ಲೇ ಇದ್ದವು, ಒಂದು ಮೈಸೂರಿನಲ್ಲಿ, ಇನ್ನೊಂದು ಅಲ್ಲಿಂದ ಸ್ವಲ್ಪ ದೂರದ ಹೆಗ್ಗಡದೇವನಕೋಟೆಯಲ್ಲಿ.

ಮೊದಲು ಮೈಸೂರಿನ ಕತೆ. ಕಣ್ಣು ಕಾಣದ, ಕಿವಿ ಕೇಳದ ಮಕ್ಕಳಿಗಾಗಿ ಇಲ್ಲಿ ಶಾಲೆ ಶುರುವಾಗಿದ್ದು 1901ರಲ್ಲಿ. ಅದಕ್ಕೆ ಮುಂಚೆ ಇಡೀ ದೇಶದಲ್ಲಿ ಇಂಥ ಶಾಲೆಗಳು ಕೆಲವೇ ಇದ್ದವು. ಬೊಂಬಾಯಿಯಲ್ಲಿ ಕಿವುಡ ಮಕ್ಕಳ ಶಾಲೆ 1880ರ ದಶಕದಲ್ಲಿ ಬಂತು, ಅಮೃತಸರದಲ್ಲಿ ಅಂಧ ಮಕ್ಕಳ ಶಾಲೆ 1887ರಲ್ಲಿ. ಮಗು ಹೀಗೆ ಹುಟ್ಟಿದ್ದು ಹಿಂದಿನ ಜನ್ಮದ ಕರ್ಮ ಅಂತ ಮನೆಯ ಒಳಕೋಣೆಯಲ್ಲೇ ಇಟ್ಟುಕೊಳ್ಳುತ್ತಿದ್ದ ಕಾಲ ಅದು. ಆ ಕಾಲದಲ್ಲಿ "ಈ ಮಗುವೂ ಕಲಿಯುತ್ತದೆ" ಅಂತ ಒಂದು ಕಟ್ಟಡ ಕಟ್ಟಿ ತೋರಿಸಿದ್ದನ್ನು ನಾನು ಸಣ್ಣ ವಿಷಯ ಅಂತ ಖಂಡಿತ ಹೇಳುವುದಿಲ್ಲ.

ಕಣ್ಣು ಕಾಣದ ಮಕ್ಕಳಿಗೆ ಬ್ರೈಲ್ ಇತ್ತು, ಆರು ಚುಕ್ಕೆಯ ಲಿಪಿ. ಆದರೆ ನಮ್ಮ ದೇಶದಲ್ಲಿ ಒಂದೊಂದು ಕಡೆ ಒಂದೊಂದು ಥರ ಚುಕ್ಕೆ ಬಳಸುತ್ತಿದ್ದರು. ಎಲ್ಲ ಭಾರತೀಯ ಭಾಷೆಗಳಿಗೂ ಹೊಂದುವ ಭಾರತಿ ಬ್ರೈಲ್ ಬಂದಿದ್ದು 1951ರಲ್ಲಿ. ನಮ್ಮ 'ಕ'ಕಾರಕ್ಕೂ ಹಿಂದಿಯ 'ಕ'ಕಾರಕ್ಕೂ ಅಲ್ಲಿ ಒಂದೇ ಗುರುತು. ಸ್ಲೇಟು ಮತ್ತು ಮೊಳೆಯಂಥ ಕಡ್ಡಿ ಹಿಡಿದು ಬರೆಯುವಾಗ ಬಲದಿಂದ ಎಡಕ್ಕೆ ಚುಚ್ಚಬೇಕು, ಆಮೇಲೆ ಹಾಳೆ ಮಗುಚಿ ಎಡದಿಂದ ಬಲಕ್ಕೆ ಬೆರಳಾಡಿಸಿ ಓದಬೇಕು. ಆರು ವರ್ಷದ ಮಗು ಇದನ್ನು ಕಲಿಯುತ್ತದೆ. ಕಲಿಸುವವರು ಇರಬೇಕು, ಅಷ್ಟೇ.

ಕಿವಿ ಕೇಳದ ಮಕ್ಕಳ ಕತೆ ಇಷ್ಟು ಸರಳವಾಗಿರಲಿಲ್ಲ. 1880ರಲ್ಲಿ ಇಟಲಿಯ ಮಿಲಾನಿನಲ್ಲಿ ಒಂದು ಅಂತರರಾಷ್ಟ್ರೀಯ ಸಮ್ಮೇಳನ ನಡೆಯಿತು. ಅಲ್ಲಿ ಸೇರಿದ್ದವರು ಹೆಚ್ಚುಕಡಿಮೆ ಎಲ್ಲರೂ ಕಿವಿ ಚೆನ್ನಾಗಿ ಕೇಳುವವರು. ಶಾಲೆಗಳಲ್ಲಿ ಕೈಸನ್ನೆ ಬೇಡ, ಬಾಯಿಮಾತನ್ನೇ ಕಲಿಸಬೇಕು ಅಂತ ಅವರು ತೀರ್ಮಾನಿಸಿದರು. ಅದರ ನೆರಳು ಪ್ರಪಂಚದ ತುಂಬ ಬಿತ್ತು, ನಮ್ಮ ದೇಶಕ್ಕೂ ಬಂತು. ಬರೀ ತುಟಿ ನೋಡಿ ಅರ್ಥ ಮಾಡಿಕೋ ಅನ್ನುವುದು ಎಷ್ಟು ಕಷ್ಟ ಅಂತ ತಿಳಿಯಬೇಕಾದರೆ ಕನ್ನಡಿ ಮುಂದೆ ನಿಂತು ದನಿ ಹೊರಡಿಸದೆ "ಮರ" ಅನ್ನಿ, "ಬರ" ಅನ್ನಿ, "ಪರ" ಅನ್ನಿ. ಮೂರಕ್ಕೂ ತುಟಿ ಒಂದೇ ಥರ ಮುಚ್ಚಿ ತೆರೆಯುತ್ತದೆ. ಮಾತಿನ ಮುಂದುಹಿಂದು ಗೊತ್ತಿಲ್ಲದ ಮಗು ಯಾವುದು ಅಂತ ಊಹಿಸಬೇಕು? ಮಿಲಾನಿನ ಆ ತೀರ್ಮಾನವನ್ನು ಕೈಬಿಟ್ಟು ವಿಷಾದ ಹೇಳಿದ್ದು 2010ರಲ್ಲಿ, ಕೆನಡಾದ ವ್ಯಾಂಕೂವರಿನಲ್ಲಿ. ನೂರಮೂವತ್ತು ವರ್ಷ ಆಗಿತ್ತು. ಭಾರತೀಯ ಸಂಜ್ಞಾ ಭಾಷೆಗೆ ಅಂತಲೇ ದೆಹಲಿಯಲ್ಲಿ ಒಂದು ಸಂಶೋಧನಾ ಕೇಂದ್ರ ಆಗಿದ್ದು 2015ರಲ್ಲಿ. ಸನ್ನೆ ಸರಿಯೋ ಮಾತು ಸರಿಯೋ ಅನ್ನುವ ಜಗಳ ಈಗಲೂ ಇದೆ. ನನಗೆ ಅನ್ನಿಸುವುದು, ಮಗುವಿಗೆ ಐದು ವರ್ಷ ತುಂಬುವುದರೊಳಗೆ ಯಾವುದಾದರೂ ಒಂದು ಭಾಷೆ ಪೂರ್ತಿಯಾಗಿ ಸಿಗಬೇಕು. ಎರಡೂ ಸಿಕ್ಕರೆ ಇನ್ನೂ ಒಳ್ಳೆಯದು.

1965ರಲ್ಲಿ ಮೈಸೂರಿಗೆ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಬಂತು, ಮಾನಸಗಂಗೋತ್ರಿಯಲ್ಲಿ. ನಮ್ಮ ಕಡೆ ಅದನ್ನು ಯಾರೂ ಪೂರ್ತಿ ಹೆಸರಿಂದ ಕರೆಯುವುದಿಲ್ಲ, "ಸ್ಪೀಚ್ ಅಂಡ್ ಹಿಯರಿಂಗ್‌ಗೆ ಹೋಗಿ ಬನ್ನಿ" ಅಂತಾರೆ. ಅಕ್ಕ ಮಗುವನ್ನು ಸೊಂಟದಲ್ಲಿಟ್ಟುಕೊಂಡು ಬೆಳಗಿನ ರೈಲಿಗೆ ಮಂಡ್ಯದಿಂದ ಹೋಗಿ ಬರುತ್ತಿದ್ದಳು. ಅಲ್ಲಿನ ಪುಟ್ಟ ಮಕ್ಕಳ ತರಗತಿಯಲ್ಲಿ ತಾಯಿಯೂ ಜೊತೆಗೆ ಕೂತು ಕಲಿಯುತ್ತಾಳೆ, ಯಾಕೆಂದರೆ ಮಗು ದಿನದ ಜಾಸ್ತಿ ಹೊತ್ತು ಇರುವುದು ತಾಯಿ ಜೊತೆಗೆ. ಮಗುವಿನ ಕಣ್ಣಿನ ಮಟ್ಟಕ್ಕೆ ಕೂತು ಮಾತಾಡು. ಸೊಪ್ಪು ಬಿಡಿಸುವಾಗ ಸೊಪ್ಪಿನ ಬಗ್ಗೆಯೇ ಹೇಳು. ಪ್ರಶ್ನೆ ಕೇಳಿದ ಮೇಲೆ ಮನಸ್ಸಿನಲ್ಲೇ ಐದರವರೆಗೆ ಎಣಿಸು, ಅಲ್ಲಿವರೆಗೆ ನೀನೇ ಉತ್ತರ ಹೇಳಬೇಡ. ಇನ್ನೊಂದು ವಿಷಯ ಅಕ್ಕ ಎಲ್ಲರಿಗೂ ಹೇಳುತ್ತಾಳೆ. ಕಿವಿ ಮಷಿನ್ ಕನ್ನಡಕದ ಥರ ಅಲ್ಲ, ಅದು ಟೀಚರ ದನಿಯನ್ನೂ ಜೋರು ಮಾಡುತ್ತದೆ, ಫ್ಯಾನಿನ ಸದ್ದನ್ನೂ, ಬೆಂಚು ಎಳೆಯುವ ಸದ್ದನ್ನೂ. ಅದಕ್ಕೇ ಫ್ಯಾನಿನಿಂದ, ಕಿಟಕಿಯಿಂದ ದೂರ, ಎರಡನೇ ಸಾಲಿನ ಬದಿಯಲ್ಲಿ ಕೂರಿಸಬೇಕು. ಮೊದಲ ಸಾಲಿನ ನಡುವೆ ಕೂರಿಸಿದರೆ ಹಿಂದೆ ಉತ್ತರ ಹೇಳುತ್ತಿರುವ ಗೆಳೆಯರ ಮುಖ ಕಾಣುವುದಿಲ್ಲ.

ಇನ್ನು ಕಾನೂನಿನ ದಾರಿ, ಅದನ್ನು ಬೇಗ ಹೇಳಿಬಿಡುತ್ತೇನೆ. ಇಂಥ ಮಕ್ಕಳು ಆದಷ್ಟೂ ಸಾಮಾನ್ಯ ಶಾಲೆಯಲ್ಲೇ ಓದಬೇಕು ಅಂತ ಕೊಠಾರಿ ಆಯೋಗ 1966ರಲ್ಲೇ ಹೇಳಿತ್ತು. ಅದಕ್ಕೆ ಕೇಂದ್ರದ ಯೋಜನೆ ಬಂದಿದ್ದು 1974ರಲ್ಲಿ. 1995ರ ಕಾಯ್ದೆ ಏಳು ಥರದ ವೈಕಲ್ಯ ಗುರುತಿಸಿತು. 2009ರ ಶಿಕ್ಷಣ ಹಕ್ಕು ಕಾಯ್ದೆ ಬಂದ ಮೇಲೆ ಎಲ್ಲ ಮಕ್ಕಳ ಹೆಸರೂ ಹಾಜರಿ ಪುಸ್ತಕಕ್ಕೆ ಬರಲೇಬೇಕಾಯಿತು. 2016ರ ಕಾಯ್ದೆ ಏಳನ್ನು ಇಪ್ಪತ್ತೊಂದು ಮಾಡಿತು, ಆಟಿಸಂ ಮತ್ತು ಓದು ಬರಹದ ತೊಡಕು ಪಟ್ಟಿಗೆ ಸೇರಿದ್ದು ಆಗಲೇ.

ಈ ಓದಿನ ತೊಡಕಿನ ಬಗ್ಗೆ ಮಾತ್ರ ಸ್ವಲ್ಪ ನಿಲ್ಲಬೇಕು, ಡಿಸ್ಲೆಕ್ಸಿಯಾ ಅಂತಾರಲ್ಲ ಅದು. ಎಷ್ಟೋ ತಲೆಮಾರಿನ ಮಕ್ಕಳು ಇದರಿಂದಲೇ "ದಡ್ಡ" ಅನ್ನಿಸಿಕೊಂಡು ಏಟು ತಿಂದು ಶಾಲೆ ಬಿಟ್ಟಿದ್ದಾರೆ. ಕನ್ನಡದಲ್ಲಿ ಹೇಳಿದಂತೆಯೇ ಬರೆಯುತ್ತೇವೆ, ಇಂಗ್ಲಿಷಿನ ಥರ ಕಷ್ಟ ಇಲ್ಲ ಅಂತ ಸುಮ್ನೆ ಹೇಳಿಬಿಡುತ್ತೇವೆ. ಆದರೆ ಮೂವತ್ತನಾಲ್ಕು ವ್ಯಂಜನ, ಒಂದೊಂದಕ್ಕೂ ಕಾಗುಣಿತ, ಅದರ ಕೆಳಗೆ ಒತ್ತು! ಪ, ವ, ಮ ಪಕ್ಕಪಕ್ಕ ಬರೆದು ನೋಡಿ, ಎಷ್ಟು ಹತ್ತಿರ ಇವೆ. ಇಂಥ ಮಗುವಿಗೆ ಇನ್ನೂ ಹತ್ತು ಸಲ ಕಾಪಿ ಬರೆಸಿದರೆ ಉಪಯೋಗ ಇಲ್ಲ. ಮೊದಲು ಬಾಯಲ್ಲೇ ಆಟ ಆಡಿಸಬೇಕು, "ಮರ"ದಲ್ಲಿ ಮ ತೆಗೆದು ಸ ಹಾಕಿದರೆ ಏನಾಗುತ್ತದೆ ಅಂತ. ಆಮೇಲೆ ಮೊರದಲ್ಲಿ ರಾಗಿ ಹರಡಿ, ಅಕ್ಷರದ ಹೆಸರು ಹೇಳುತ್ತಾ ಬೆರಳಲ್ಲಿ ದೊಡ್ಡದಾಗಿ ಬರೆಸಬೇಕು. ಕಣ್ಣು, ಕಿವಿ, ಬಾಯಿ, ಬೆರಳು ಎಲ್ಲ ಒಟ್ಟಿಗೆ ಕೆಲಸ ಮಾಡಬೇಕು. ಒತ್ತಕ್ಷರಕ್ಕೆ ಬೇರೆ ಬಣ್ಣದ ಸೀಮೆಸುಣ್ಣ. ಸಮಾಜ ವಿಜ್ಞಾನದ ಉತ್ತರ ಗೊತ್ತಿದೆಯೋ ಇಲ್ಲವೋ ತಿಳಿಯಬೇಕಾದರೆ ಬಾಯಲ್ಲಿ ಕೇಳಿ. ಮರಳು ಕಾಗದದ ಅಕ್ಷರ ಮುಟ್ಟಿಸಿ ಕಲಿಸುವ ಮಾಂಟೆಸರಿ ಪದ್ಧತಿ ಈಗ ಶ್ರೀಮಂತರ ನರ್ಸರಿಗಳಲ್ಲಿ ಸಿಗುತ್ತದೆ, ಅಲ್ವಾ? ಮರಿಯಾ ಮಾಂಟೆಸರಿ ಮೊದಲು ಕೆಲಸ ಮಾಡಿದ್ದು ರೋಮಿನಲ್ಲಿ, ಬುದ್ಧಿ ಕಡಿಮೆ ಅಂತ ಎಲ್ಲರೂ ಕೈಬಿಟ್ಟಿದ್ದ ಮಕ್ಕಳ ಜೊತೆ. ಅವರಿಗೆ ಫಲ ಕೊಟ್ಟಿದ್ದನ್ನೇ 1907ರಲ್ಲಿ ಉಳಿದ ಮಕ್ಕಳಿಗೂ ತಂದರು.

ಈಗ ಕೋಟೆಗೆ ಬರೋಣ. 1995ರ ಸುಮಾರಿಗೆ ಹೆಗ್ಗಡದೇವನಕೋಟೆ ತಾಲ್ಲೂಕಿನ ಕೆಲವು ಸರ್ಕಾರಿ ಶಾಲೆಗಳಲ್ಲಿ ನಲಿ-ಕಲಿ ಶುರುವಾಯಿತು. ಕಾಡಂಚಿನ ಊರುಗಳು, ಹಾಡಿಯಿಂದ ಬರುವ ಮಕ್ಕಳು, ಎರಡು ಮೂರು ಕ್ಲಾಸಿಗೆ ಒಬ್ಬರೇ ಮೇಷ್ಟ್ರು. ನಾಲ್ಕು ದಿನ ಬಂದು ಒಂದು ವಾರ ಬಾರದ ಮಗು ವಾಪಸ್ ಬಂದಾಗ ಪಾಠ ಎಲ್ಲೋ ಮುಂದೆ ಹೋಗಿರುತ್ತಿತ್ತು. ಅಲ್ಲಿನ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿ ಶಾಲೆಗೆ ಹೋಗಿ ನೋಡಿಕೊಂಡು ಬಂದು, ಯುನಿಸೆಫ್ ನೆರವಿನಿಂದ ತಮ್ಮ ಮಕ್ಕಳಿಗೆ ಹೊಂದುವ ಹಾಗೆ ಕಾರ್ಡುಗಳನ್ನು ಮಾಡಿದರು. ಗೋಡೆ ಮೇಲೆ ಕಲಿಕಾ ಏಣಿ. ಮಗು ತಾನು ನಿಂತ ಮೆಟ್ಟಿಲಿನಿಂದಲೇ ಮುಂದೆ ಹೋಗುತ್ತದೆ, ಪಕ್ಕದವನು ಎಲ್ಲಿದ್ದಾನೆ ಅನ್ನುವುದು ಲೆಕ್ಕಕ್ಕಿಲ್ಲ. ಮಕ್ಕಳು ಐದು ತಟ್ಟೆಗಳಲ್ಲಿ, ಅಂದರೆ ಐದು ಗುಂಪುಗಳಲ್ಲಿ ಕೂರುತ್ತಾರೆ. ಮೊದಲ ತಟ್ಟೆಗೆ ಶಿಕ್ಷಕರ ಪೂರ್ತಿ ಸಹಾಯ, ಎರಡನೆಯದಕ್ಕೆ ಸ್ವಲ್ಪ, ಮುಂದಿನ ಎರಡಕ್ಕೆ ಗೆಳೆಯರ ಸಹಾಯ, ಕೊನೆಯದು ತಾನೇ ಕಲಿಯುವುದು. ಅಕ್ಷರವನ್ನೂ ಅ ಆ ಇ ಈ ಸಾಲಿನಲ್ಲಿ ಕಲಿಸಲಿಲ್ಲ, ರ ಗ ಸ ದ ಅ ಇಂದ ಶುರು ಮಾಡಿದರು. ಬರೆಯಲು ಸುಲಭ, ಮೊದಲ ಐದಕ್ಕೇ ಸರ, ಅರಸ ಅಂತ ಪದ ಓದಬಹುದು. ಮುಂದೆ ಇದು ರಾಜ್ಯದ ಎಲ್ಲ ಸರ್ಕಾರಿ ಶಾಲೆಗಳ ಒಂದರಿಂದ ಮೂರನೇ ತರಗತಿಗೆ ಬಂತು.

ನಲಿ-ಕಲಿ ಮಾಡಿದವರು ವಿಕಲಚೇತನ ಮಕ್ಕಳಿಗೆ ಅಂತ ಮಾಡಿದ್ದಲ್ಲ. ಆದರೆ ವಿಶೇಷ ಶಿಕ್ಷಣದ ಪುಸ್ತಕಗಳು ಬೇಕು ಅನ್ನುವುದರಲ್ಲಿ ಎಷ್ಟೊಂದು ಅಲ್ಲಿದೆ ನೋಡಿ: ಮಗುವಿನದೇ ವೇಗ, ಸಣ್ಣ ಮೆಟ್ಟಿಲು, ಗೆಳೆಯರ ನೆರವು, ಮುಖ ಕಾಣುವ ಹಾಗೆ ಕೂರುವುದು, ಕೈಗೆ ಸಿಗುವ ವಸ್ತು. ಕೊರತೆ ಇಲ್ಲ ಅಂತಲ್ಲ. ಕಾರ್ಡಿನ ಅಕ್ಷರ ಮಂದದೃಷ್ಟಿಯ ಮಗುವಿಗೆ ಸಣ್ಣದು, ಒಂದೇ ಕೋಣೆಯಲ್ಲಿ ಐದು ಗುಂಪಿನ ಗದ್ದಲ ಕಿವಿ ಮಷಿನ್ ಹಾಕಿದ ಮಗುವಿಗೆ ಹಿಂಸೆ. ಇದನ್ನು ಸರಿಪಡಿಸುವ ತಿಳಿವಳಿಕೆ ಮಾನಸಗಂಗೋತ್ರಿಯಲ್ಲಿತ್ತು, ಮೈಸೂರಿನ ತಿಲಕ್ ನಗರದಲ್ಲಿರುವ ಆ 1901ರ ಶಾಲೆಯಲ್ಲಿತ್ತು. ಆ ತಿಳಿವಳಿಕೆ, ಈ ನಲಿ-ಕಲಿ ಎರಡೂ ಒಂದೇ ಕ್ಲಾಸ್ ರೂಮಿನಲ್ಲಿ ಕೂಡಿದ್ದು ಕಡಿಮೆ. ನಾಲ್ಕನೇ ಕ್ಲಾಸಿಗೆ ಏಣಿಯೂ ಮುಗಿಯಿತು, ದುಂಡಗೆ ಕೂರುವುದೂ ಮುಗಿಯಿತು. ನಮ್ಮ ಹುಡುಗ ಬಿದ್ದಿದ್ದು ಸರಿಯಾಗಿ ಅಲ್ಲೇ.

ಈ ಎರಡನ್ನೂ ಕೂಡಿಸಬೇಕಾದವರು ಬಿಐಇಆರ್‌ಟಿಗಳು, ತಾಲ್ಲೂಕು ಮಟ್ಟದಲ್ಲಿ ಶಾಲೆಯಿಂದ ಶಾಲೆಗೆ ಓಡಾಡುವ ಸಂಪನ್ಮೂಲ ಶಿಕ್ಷಕರು. ಅವರ ಶ್ರದ್ಧೆ ನೋಡಿದ್ದೇನೆ, ಆದರೆ ಒಬ್ಬರು ಎಷ್ಟು ಊರು ಸುತ್ತಬಹುದು? ಪ್ರಾಥಮಿಕ ಹಂತದಲ್ಲಿ ಇಂಥ ಹತ್ತು ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರು, ಮುಂದಿನ ತರಗತಿಗಳಲ್ಲಿ ಹದಿನೈದಕ್ಕೆ ಒಬ್ಬರು ಇರಬೇಕು ಅಂತ ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿದೆ. ಅಲ್ಲಿಗೆ ತಲುಪುವವರೆಗೆ ಕ್ಲಾಸ್ ಟೀಚರೇ ಕೆಲವು ವಿಷಯ ತಿಳಿದುಕೊಳ್ಳದೆ ದಾರಿ ಇಲ್ಲ, ಮತ್ತು ಅವು ಕಷ್ಟದವೂ ಅಲ್ಲ.

ಬುದ್ಧಿ ಬೆಳವಣಿಗೆ ನಿಧಾನ ಇರುವ ಮಗುವಿಗೆ ಬಿಸಿಯೂಟದ ತಟ್ಟೆ ತೊಳೆದಿಡುವುದನ್ನು ಕಲಿಸಬೇಕು ಅಂದುಕೊಳ್ಳಿ. "ತಟ್ಟೆ ತೊಳಿ" ಅನ್ನುವುದು ನಮಗೆ ಒಂದು ಕೆಲಸ, ಆ ಮಗುವಿಗೆ ಏಳೆಂಟು. ನಲ್ಲಿ ತಿರುಗಿಸು, ತಟ್ಟೆ ಹಿಡಿ, ಉಜ್ಜು, ಮಗುಚಿ ಉಜ್ಜು, ಹೀಗೆ. ಮೊದಲು ಕೊನೆಯ ಒಂದನ್ನು, ಅಂದರೆ ತಟ್ಟೆಯನ್ನು ಸ್ಟ್ಯಾಂಡಿಗೆ ಇಡುವುದನ್ನು ಮಾತ್ರ ಮಗುವಿಗೆ ಬಿಡಿ. ಕೆಲಸ ಮುಗಿಸಿದ ಖುಷಿ ಮೊದಲ ದಿನವೇ ಸಿಗುತ್ತದೆ. ಆಮೇಲೆ ಒಂದೊಂದೇ ಹಿಂದಕ್ಕೆ ಸೇರಿಸಿ. ಕೂಡುವ ಲೆಕ್ಕವನ್ನೂ ಹೀಗೇ ಒಡೆಯಬಹುದು.

ಆಟಿಸಂ ಇರುವ ಮಗುವಿಗೆ ಮುಂದೇನು ಅನ್ನುವುದು ಗೊತ್ತಿಲ್ಲದಿದ್ದರೆ ತುಂಬ ಭಯ. ಪ್ರಾರ್ಥನೆ, ಹಾಲು, ಕನ್ನಡ, ಗಣಿತ, ಊಟ, ಆಟ ಅಂತ ಚಿತ್ರ ಬರೆದು ಸಾಲಾಗಿ ಗೋಡೆಗೆ ಅಂಟಿಸಿ, ಮುಗಿದಿದ್ದನ್ನು ಮಗುವೇ ತೆಗೆದು ಡಬ್ಬಿಗೆ ಹಾಕಲಿ. ಕಣ್ಣು ಕಾಣದ ಮಗುವಿಗೆ ಎಣಿಕೆ ಕಲಿಸಲು ಅಳಗುಳಿ ಮಣೆ ಮತ್ತು ಹುಣಸೆ ಬೀಜಕ್ಕಿಂತ ಒಳ್ಳೆಯ ಸಾಧನ ಹಳ್ಳಿಯಲ್ಲಿ ಇನ್ನೇನಿದೆ? ಬೋರ್ಡಿನಲ್ಲಿ "ಇದನ್ನೂ ಇದನ್ನೂ ಕೂಡಿದರೆ" ಅನ್ನಬೇಡಿ, "ಇಪ್ಪತ್ತಮೂರು ಮತ್ತು ಹದಿನೆಂಟು ಕೂಡಿದರೆ" ಅನ್ನಿ. ಇಡೀ ಕ್ಲಾಸಿಗೂ ಅದರಿಂದ ಒಳ್ಳೆಯದೇ. ಇನ್ನು ಜೊತೆಗಾರರ ವಿಷಯ. ಚುರುಕಾದ ಒಬ್ಬ ಹುಡುಗಿಯನ್ನು ವರ್ಷಪೂರ್ತಿ ಪಕ್ಕದಲ್ಲಿ ಕೂರಿಸಿ ಜವಾಬ್ದಾರಿಯನ್ನೆಲ್ಲ ಅವಳ ಮೇಲೆ ಹಾಕುವುದು ನನಗೆ ಸರಿ ಕಾಣುವುದಿಲ್ಲ. ವಾರಕ್ಕೊಬ್ಬರು ಬದಲಾಗಲಿ. ಈ ಮಗುವೂ ಯಾರಿಗಾದರೂ ಏನಾದರೂ ಕಲಿಸುವ ವಾರ ಒಂದಿರಲಿ.

ನಮ್ಮ ಹುಡುಗನ ನಾಲ್ಕನೇ ಕ್ಲಾಸಿನ ಮೇಷ್ಟ್ರು ಕೆಟ್ಟವರೇನಲ್ಲ. ಅವರಿಗೆ ಯಾರೂ ಹೇಳಿರಲಿಲ್ಲ. ಬಿಐಇಆರ್‌ಟಿ ಬಂದು ಮಾತಾಡಿದ ಮೇಲೆ ಮೊದಲು ಬರೆದು, ತಿರುಗಿ ನಿಂತು, ಆಮೇಲೆ ಹೇಳಲು ಶುರು ಮಾಡಿದರು. ಡಿಸೆಂಬರ್ ಹೊತ್ತಿಗೆ ದೂರು ನಿಂತಿತು. ಈಗ ಅವನು ಏಳನೇ ಕ್ಲಾಸು ಮುಗಿಸಿ ಹೈಸ್ಕೂಲಿಗೆ ಹೊರಟಿದ್ದಾನೆ. ಅಲ್ಲಿ ವಿಷಯಕ್ಕೊಬ್ಬರು ಟೀಚರ್. ಅಕ್ಕ ಒಂದು ಹಾಳೆಯಲ್ಲಿ ಬರೆದು, ಆರು ಜೆರಾಕ್ಸ್ ಮಾಡಿಸಿ ಇಟ್ಟುಕೊಂಡಿದ್ದಾಳೆ, ಒಬ್ಬೊಬ್ಬರಿಗೆ ಒಂದೊಂದು ಕೊಡಲು. "ಸರ್, ಮೇಡಂ, ನನ್ನ ಮಗ ನಿಮ್ಮ ಮುಖ ನೋಡಿ ಪಾಠ ಕೇಳುತ್ತಾನೆ. ಎರಡನೇ ಸಾಲಿನ ಬದಿಯಲ್ಲಿ, ಫ್ಯಾನಿನಿಂದ ದೂರ ಕೂರಿಸಿ. ಹೊಸ ಪದ ಬಂದರೆ ಬೋರ್ಡಿನಲ್ಲಿ ಬರೆಯಿರಿ. 'ಅರ್ಥವಾಯಿತಾ' ಅಂತ ಕೇಳಿದರೆ ಹೂಂ ಅಂತಾನೆ, ಅದನ್ನು ನಂಬಬೇಡಿ, ಏನು ಅರ್ಥವಾಯಿತು ಅಂತ ಕೇಳಿ." ಕೆಳಗೆ ತನ್ನ ಫೋನ್ ನಂಬರ್ ಬರೆದಿದ್ದಾಳೆ. ಅದರ ಕೆಳಗೆ ಹುಡುಗ ತಾನೇ ಒಂದು ಸಾಲು ಸೇರಿಸಿದ್ದಾನೆ, ಮಷಿನಿನ ಬ್ಯಾಟರಿ ಮುಗಿದರೆ ಕೈ ಎತ್ತುತ್ತೇನೆ ಅಂತ.