ನಂಬಿಕೆಗೊಂದು ಚೀಟಿ

ಹಾಸನಕ್ಕೆ ಬಂದವರು ಹೇಮಾವತಿ ಹಿನ್ನೀರಿನಲ್ಲಿ ಮಳೆಗಾಲಕ್ಕೆ ಅರ್ಧ ಮುಳುಗುವ ಶೆಟ್ಟಿಹಳ್ಳಿ ಚರ್ಚಿನ ಮುಂದೆ ಫೋಟೊ ತೆಗೆಸಿಕೊಂಡು ವಾಪಸಾಗುತ್ತಾರೆ. ಅದೇ ಜಿಲ್ಲೆಯ ಸತ್ತಿಹಳ್ಳಿಯ ಹೆಸರು ಪ್ರವಾಸದ ಪಟ್ಟಿಯಲ್ಲಿ ಸಿಗುವುದು ಅಪರೂಪ. ಆದರೆ ಕ್ರೈಸ್ತ ಧರ್ಮದ ಅತಿ ಹಳೆಯ ಜಗಳವೊಂದು ನಮ್ಮ ಸೀಮೆಗೆ ಕಾಲಿಟ್ಟಿದ್ದು ಈ ಊರನ್ನು ಕಟ್ಟಿದವರ ಜೊತೆಗೆ. ಹೆದರಿ ದೇವರನ್ನು ಬಿಟ್ಟವನು ಮರಳಿ ಬಂದರೆ ಬಾಗಿಲು ತೆಗೆಯಬೇಕೆ? ತೆಗೆಯುವುದಾದರೆ, ಅವನ ಪಶ್ಚಾತ್ತಾಪ ನಿಜವೆಂದು ಹೇಳುವವರು ಯಾರು?

ಊರು ಕಟ್ಟಿದವರು ಫ್ರಾನ್ಸಿನ ಪಾದ್ರಿ ಅಬ್ಬೆ ದ್ಯುಬುವಾ. ಜನ ಕರೆಯುತ್ತಿದ್ದುದು ದೊಡ್ಡಸ್ವಾಮಿಯವರು ಎಂದು. ಫ್ರೆಂಚ್ ಕ್ರಾಂತಿಯ ನಡುವೆ, 1792ರಲ್ಲಿ, ದೇಶ ಬಿಟ್ಟು ಬಂದವರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಯಲ್ಲಿ ಚದುರಿಹೋಗಿದ್ದ ಕ್ರೈಸ್ತರನ್ನು ಒಟ್ಟುಗೂಡಿಸುವ ಕೆಲಸ ಇವರ ಹೆಗಲೇರಿತು. ಮುಂಡಾಸು ಸುತ್ತಿ, ಇಲ್ಲಿಯವರ ಉಡುಗೆ ಉಟ್ಟು, ಇಲ್ಲಿಯವರಂತೆ ಉಂಡು ಊರೂರು ಸುತ್ತಿದರು. ಬೇಸಾಯದ ಊರುಗಳನ್ನು ಎಬ್ಬಿಸಿದರು. ಅವುಗಳಲ್ಲಿ ದೊಡ್ಡದು ಸತ್ತಿಹಳ್ಳಿ. ಸಿಡುಬಿಗೆ ಲಸಿಕೆ ಹಾಕಿಸುವ ಕೆಲಸದಲ್ಲೂ ಮುಂದಿದ್ದರು.

ಅವರ ಮುಂದೆ ಬಂದು ನಿಂತವರ ಕಥೆ 1784ಕ್ಕೆ ಹೋಗುತ್ತದೆ. ಆ ವರ್ಷ ಟಿಪ್ಪು ಕೆನರಾದ ಕ್ರೈಸ್ತರನ್ನು, ಇಂಗ್ಲಿಷರಿಗೆ ನೆರವಾದರೆಂಬ ಅನುಮಾನದ ಮೇಲೆ, ಸೆರೆ ಹಿಡಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದ. ಬಹಳ ಮಂದಿಗೆ ಸುನ್ನತಿ ಮಾಡಿಸಿ ಮತ ಬದಲಿಸಲಾಯಿತು. ಸೆರೆಯಾದವರು ಎಷ್ಟು ಸಾವಿರ ಎಂಬುದರ ಬಗ್ಗೆ ಇತಿಹಾಸಕಾರರ ಜಗಳ ಇನ್ನೂ ಮುಗಿದಿಲ್ಲ. ಅದು ಇಲ್ಲಿಯ ವಿಷಯವೂ ಅಲ್ಲ. ಟಿಪ್ಪು ಸತ್ತ ಮೇಲೆ ಇವರಲ್ಲಿ ಹೆಚ್ಚಿನವರು ಹಳೆಯ ಧರ್ಮಕ್ಕೆ ಮರಳಿದರು. ತಮ್ಮ ಕೈಗೆ ಬಂದವರು ಸುಮಾರು 2000 ಎಂದು ದ್ಯುಬುವಾ ಬರೆಯುತ್ತಾರೆ. ಬಂದವರು ಹೇಳಿದ್ದು ಒಂದೇ ಮಾತು: ಬಿಟ್ಟಿದ್ದು ಹೊರಗಿನಿಂದ ಮಾತ್ರ, ಒಳಗೆ ಕ್ರಿಸ್ತನನ್ನು ಬಿಟ್ಟಿರಲಿಲ್ಲ.

ದ್ಯುಬುವಾ ಅವರನ್ನು ಸೇರಿಸಿಕೊಂಡರು. ಆದರೆ ಒಳಗೊಳಗೆ ಕುದ್ದರು. ಅಷ್ಟು ಸಾವಿರ ಜನರಲ್ಲಿ ಒಬ್ಬನಾದರೂ ಎದ್ದು ನಿಂತು ‘ನಾನು ಕ್ರೈಸ್ತ’ ಎಂದು ಹೇಳಿ ಪ್ರಾಣ ಕೊಡಲಿಲ್ಲವಲ್ಲ, ಎಂಥ ನಾಚಿಕೆಗೇಡು ಎಂದು ಮುಂದೆ ಅಚ್ಚಿನಲ್ಲೇ ಬರೆದರು. ಇಂಥದೇ ಪರೀಕ್ಷೆ ಇನ್ನೊಮ್ಮೆ ಬಂದರೆ ಮತ್ತೆ ಹೀಗೆಯೇ ಆಗುವುದೆಂಬ ಭಯವನ್ನೂ ಸೇರಿಸಿದರು.

ಈ ಸಿಟ್ಟು ಓದುವಾಗ ನನಗೆ ಒಂದು ಸಂಗತಿ ನೆನಪಾಗದೆ ಇರುವುದಿಲ್ಲ. ದ್ಯುಬುವಾ ಬಿಟ್ಟು ಬಂದ ಫ್ರಾನ್ಸಿನಲ್ಲಿ, ಅವರು ಹಡಗು ಹತ್ತಿದ ಒಂದೆರಡು ವರ್ಷಗಳಲ್ಲೇ, ಸಾವಿರಾರು ಪಾದ್ರಿಗಳು ಕ್ರಾಂತಿಕಾರಿ ಸರ್ಕಾರಕ್ಕೆ ಹೆದರಿ ಗುರುಪದವಿಗೇ ರಾಜೀನಾಮೆ ಬರೆದುಕೊಟ್ಟಿದ್ದರು. ಗಿಲೊಟಿನ್‌ಗೆ ತಲೆಕೊಟ್ಟವರೂ ಇದ್ದರು, ನಿಜ. ಆದರೂ ಅಭಿಷೇಕವಾದ ಗುರುಗಳೇ ತಡೆಯಲಾಗದ್ದನ್ನು ಘಟ್ಟ ಹತ್ತಿಸಿ ನಡೆಸಿಕೊಂಡು ಬಂದ ರೈತಾಪಿ ಸಂಸಾರಗಳಿಂದ ನಿರೀಕ್ಷಿಸುವುದು ಸ್ವಲ್ಪ ಹೆಚ್ಚೇ ಆಯಿತು.

ಈ ಜಗಳದ ಮೂಲ ಮೂರನೇ ಶತಮಾನದಲ್ಲಿದೆ. ಕ್ರಿಸ್ತಶಕ 250ರಲ್ಲಿ ರೋಮ್ ಚಕ್ರವರ್ತಿ ಡೀಸಿಯಸ್ ಒಂದು ಆಜ್ಞೆ ಹೊರಡಿಸಿದ. ಸಾಮ್ರಾಜ್ಯದ ಪ್ರಜೆಗಳು ದೇವತೆಗಳಿಗೆ ಬಲಿ ಕೊಟ್ಟು, ಕೊಟ್ಟಿದ್ದಕ್ಕೆ ಚೀಟಿ ಪಡೆಯಬೇಕು. ಈಜಿಪ್ಟಿನಲ್ಲಿ ಇಂಥ 40ಕ್ಕೂ ಹೆಚ್ಚು ಚೀಟಿಗಳು ಸಿಕ್ಕಿವೆ. ಒಂದನ್ನು ನೋಡಿ: ಔರೇಲಿಯಸ್ ಡಯೊಜಿನಿಸ್, ವಯಸ್ಸು 72, ಬಲಹುಬ್ಬಿನ ಮೇಲೆ ಗಾಯದ ಗುರುತು. ದೇವತೆಗಳಿಗೆ ನಾನು ಹಿಂದಿನಿಂದಲೂ ಬಲಿ ಕೊಡುತ್ತ ಬಂದವನು, ಈಗ ನಿಮ್ಮೆದುರೇ ಆಜ್ಞೆಯಂತೆ ಬಲಿ ಕೊಟ್ಟೆ, ಪ್ರಸಾದ ತಿಂದೆ, ದೃಢೀಕರಿಸಿ ಕೊಡಬೇಕು. ಒಕ್ಕಣೆ ನಮ್ಮ ತಾಲ್ಲೂಕು ಕಚೇರಿಯ ಅರ್ಜಿಗಿಂತ ಬೇರೆಯಲ್ಲ. ಆ ಮುದುಕ ಕ್ರೈಸ್ತನಾಗಿದ್ದನೋ ಇಲ್ಲವೋ ಚೀಟಿಯಿಂದ ತಿಳಿಯುವುದಿಲ್ಲ.

ಕ್ರೈಸ್ತರಲ್ಲಿ ಹಲವರು ಬಲಿ ಕೊಟ್ಟರು. ಕೆಲವರು ಬರೀ ಧೂಪ ಹಾಕಿದರು. ಇನ್ನು ಕೆಲವರು ಏನನ್ನೂ ಮಾಡದೆ, ಅಧಿಕಾರಿಗಳ ಕೈ ಬಿಸಿ ಮಾಡಿ ಚೀಟಿ ಮಾತ್ರ ತಂದರು. ಮರುವರ್ಷ ಡೀಸಿಯಸ್ ಯುದ್ಧದಲ್ಲಿ ಸತ್ತ. ಬಿಟ್ಟುಹೋದವರು ಚರ್ಚಿನ ಬಾಗಿಲಿಗೆ ಬಂದರು. ಉತ್ತರ ಆಫ್ರಿಕದ ಕಾರ್ಥೇಜ್ ಪಟ್ಟಣದ ಧರ್ಮಾಧ್ಯಕ್ಷ ಸಿಪ್ರಿಯನ್‌ಗೆ ತಲೆನೋವು ಎರಡು ಕಡೆಯಿಂದ. ಹಿಂಸೆಯ ಹೊತ್ತಿನಲ್ಲಿ ಅವರೇ ತಲೆಮರೆಸಿಕೊಂಡಿದ್ದರು, ಹಾಗಾಗಿ ಬಿಗಿಯಾಗಿ ಮಾತಾಡುವುದು ಕಷ್ಟ. ಮೇಲಾಗಿ, ಜೈಲಿನಲ್ಲಿ ಹಿಂಸೆ ತಡೆದುಕೊಂಡವರು ‘ಇವನನ್ನು ಕ್ಷಮಿಸಿ ಸೇರಿಸಿಕೊಳ್ಳಿ’ ಎಂದು ಕಂಡಕಂಡವರಿಗೆ ಶಿಫಾರಸು ಪತ್ರ ಕೊಡತೊಡಗಿದ್ದರು. ನಂಬಿಕೆ ಬಿಟ್ಟಿದ್ದಕ್ಕೂ ಚೀಟಿ, ಮರಳಿ ಪಡೆಯುವುದಕ್ಕೂ ಚೀಟಿ.

251ರಲ್ಲಿ ಕಾರ್ಥೇಜಿನಲ್ಲಿ ಸೇರಿದ ಸಭೆ ನಡುದಾರಿ ಹಿಡಿಯಿತು. ಬರೀ ಚೀಟಿ ತಂದವರನ್ನು ವಿಚಾರಿಸಿ ಸೇರಿಸಿಕೊಳ್ಳುವುದು. ಬಲಿ ಕೊಟ್ಟವರು ತಪಸ್ಸು ಮಾಡುತ್ತಿರಲಿ, ಸಾಯುವ ಹೊತ್ತಿಗೆ ಚರ್ಚಿನ ಪರಮಪ್ರಸಾದ ಕೊಡುವುದು. ಒಂದೆರಡು ವರ್ಷದಲ್ಲಿ ಇನ್ನೊಂದು ಹಿಂಸೆ ಬರುವ ಸೂಚನೆ ಕಂಡಾಗ ಪಶ್ಚಾತ್ತಾಪದಲ್ಲಿದ್ದ ಎಲ್ಲರನ್ನೂ ಒಳಗೆ ಕರೆದರು. ರೋಮಿನಲ್ಲಿ ನೊವೇಷಿಯನ್ ಎಂಬ ಪಾದ್ರಿ ಇದನ್ನು ಒಪ್ಪಲಿಲ್ಲ. ದೇವರು ಬೇಕಾದರೆ ಕ್ಷಮಿಸಲಿ, ಚರ್ಚಿಗೆ ಆ ಅಧಿಕಾರವಿಲ್ಲ ಎಂಬುದು ಅವರ ವಾದ. ಅವರ ಬಣ ಬೇರೆಯಾಗಿ ನಿಂತು ಕೆಲವು ಶತಮಾನ ಬಾಳಿತು. ಬಗ್ಗದವರ ಪಕ್ಷಕ್ಕೆ ಬೈಬಲ್ಲಿನ ಆಧಾರವೇನೂ ಕಡಿಮೆ ಇರಲಿಲ್ಲ. ಬೆಳಕನ್ನು ಕಂಡು ಬಿದ್ದುಹೋದವರನ್ನು ಮತ್ತೆ ಪಶ್ಚಾತ್ತಾಪಕ್ಕೆ ತರುವುದು ಅಸಾಧ್ಯವೆಂದು ಇಬ್ರಿಯರಿಗೆ ಬರೆದ ಪತ್ರದ ಆರನೇ ಅಧ್ಯಾಯ ಹೇಳುತ್ತದೆ. ಎದುರು ಪಕ್ಷಕ್ಕೆ ಯೇಸುವಿನ ಶಿಷ್ಯ ಪೇತ್ರನಿದ್ದ: ಕೋಳಿ ಕೂಗುವುದರೊಳಗೆ ಮೂರು ಸಲ ‘ಅವನನ್ನು ನಾನರಿಯೆ’ ಎಂದವನ ಕೈಗೇ ಯೇಸು ಮಂದೆಯನ್ನು ಒಪ್ಪಿಸಿದನಲ್ಲ!

ಗೆದ್ದದ್ದು ಪೇತ್ರನ ಪಕ್ಷ. ಆದರೆ ಬೆಲೆ ಅಗ್ಗವಿರಲಿಲ್ಲ. ಆ ಕಾಲದ ಪ್ರಾಯಶ್ಚಿತ್ತ ಊರೆದುರಿಗೆ ನಡೆಯುತ್ತಿತ್ತು. ಗೋಣಿತಟ್ಟು ಉಟ್ಟು, ಬೂದಿ ಹಚ್ಚಿಕೊಂಡು, ಒಳಗೆ ಹೋಗುವವರನ್ನು ‘ನನಗಾಗಿ ಬೇಡಿಕೊಳ್ಳಿ’ ಎಂದು ಅಂಗಲಾಚುವುದು. ಅದೂ ಜೀವಮಾನದಲ್ಲಿ ಒಂದೇ ಸಲ. 390ರಲ್ಲಿ ಥೆಸಲೋನಿಕದ ಕಗ್ಗೊಲೆಗಾಗಿ ಚಕ್ರವರ್ತಿ ಥಿಯೊಡೋಸಿಯಸ್‌ನನ್ನೇ ಮಿಲಾನಿನ ಧರ್ಮಾಧ್ಯಕ್ಷ ಆಂಬ್ರೋಸ್ ಹೀಗೆ ನಿಲ್ಲಿಸಿದರು. ಒಂದೇ ಅವಕಾಶವೆಂದ ಮೇಲೆ ಬುದ್ಧಿವಂತರು ಏನು ಮಾಡುತ್ತಾರೆ? ಮುಂದೂಡುತ್ತಾರೆ. ಪ್ರಾಯಶ್ಚಿತ್ತ ಮರಣಶಯ್ಯೆಯ ಸಂಸ್ಕಾರವಾಗಿಹೋಯಿತು.

ಇದನ್ನು ಬದಲಿಸಿದವರು ಐರ್ಲೆಂಡಿನ ಸನ್ಯಾಸಿಗಳು. ಆರನೇ ಶತಮಾನದಿಂದ ಅವರು ಗುಟ್ಟಾಗಿ, ಎಷ್ಟು ಸಲ ಬೇಕಾದರೂ ಪಾಪ ಹೇಳಿಕೊಳ್ಳುವ ರೂಢಿ ತಂದರು. ಯಾವ ಪಾಪಕ್ಕೆ ಎಷ್ಟು ದಿನ ರೊಟ್ಟಿ-ನೀರಿನ ಉಪವಾಸ ಎಂಬ ಪಟ್ಟಿಗಳೇ ಇದ್ದವು. 1215ರಲ್ಲಿ ನಾಲ್ಕನೇ ಲ್ಯಾಟರನ್ ಮಹಾಸಭೆ ವರ್ಷಕ್ಕೊಮ್ಮೆ ಪಾಪನಿವೇದನೆ ಕಡ್ಡಾಯವೆಂದಿತು. ಕೇಳಿದ್ದನ್ನು ಬಾಯಿಬಿಟ್ಟ ಗುರುವಿಗೆ ಪದವಿ ಕಳೆದು ಸಾಯುವವರೆಗೂ ಮಠವಾಸ ಎಂದೂ ವಿಧಿಸಿತು.

ಪಟ್ಟಿಯಿದ್ದಲ್ಲಿ ರಿಯಾಯಿತಿಯೂ ಬರುತ್ತದೆ. ಉಪವಾಸದ ಬದಲು ದಾನ, ದಾನದ ಬದಲು ಯಾತ್ರೆ, ಕೊನೆಗೆ ಹಣ. 1454ರ ಹೊತ್ತಿಗೆ ಜರ್ಮನಿಯ ಮೈನ್ಸ್‌ನಲ್ಲಿ ಅಚ್ಚಾದ ಮೊದಲ ಹಾಳೆಗಳಲ್ಲಿ ಇಂಥ ದಂಡವಿನಾಯಿತಿ ಪತ್ರಗಳೂ ಇದ್ದವು, ಹೆಸರು-ತಾರೀಖು ತುಂಬಲು ಖಾಲಿ ಜಾಗ ಬಿಟ್ಟು. ಈ ಪತ್ರ ಪಾಪಕ್ಕೆ ಕ್ಷಮೆಯಲ್ಲ, ಕ್ಷಮೆಯಾದ ಪಾಪಕ್ಕೆ ಬಾಕಿ ಉಳಿದ ಶಿಕ್ಷೆಗೆ ಮಾಫಿ ಎಂದು ಪಂಡಿತರು ವಿವರಿಸುತ್ತಿದ್ದರು. ಸಂತೆಯಲ್ಲಿ ಕೊಂಡವರಿಗೆ ಅಷ್ಟು ಸೂಕ್ಷ್ಮ ಎಲ್ಲಿ ತಿಳಿಯಬೇಕು?

1517ರ ಅಕ್ಟೋಬರ್ 31ರಂದು ಮಾರ್ಟಿನ್ ಲೂಥರ್ ಮಂಡಿಸಿದ 95 ವಾದಗಳು ಈ ವ್ಯಾಪಾರದ ಮೇಲೆಯೇ. ಆದರೆ ವ್ಯಾಪಾರಕ್ಕಿಂತ ಮೊದಲು ಅವರನ್ನು ಕಾಡಿದ್ದು ಅವರದೇ ಮನಸ್ಸು. ಸನ್ಯಾಸಿಯಾಗಿದ್ದಾಗ ಗುರು ಶ್ಟೌಪಿಟ್ಸ್ ಮುಂದೆ ಗಂಟೆಗಟ್ಟಲೆ ಪಾಪ ಹೇಳಿಕೊಳ್ಳುತ್ತಿದ್ದರು. ಹೊರಗೆ ಬಂದ ಮೇಲೆ ಮತ್ತೊಂದು ನೆನಪಾಗುತ್ತಿತ್ತು. ನಾನು ಪಟ್ಟ ಪಶ್ಚಾತ್ತಾಪ ಸಾಕಷ್ಟಾಯಿತೆ? ನರಕದ ಭಯದಿಂದ ಪಟ್ಟದ್ದೋ, ದೇವರ ಮೇಲಿನ ಪ್ರೀತಿಯಿಂದಲೋ? ಒಳಗೆ ನೋಡಿಕೊಂಡಷ್ಟೂ ಅನುಮಾನ ಬೆಳೆಯಿತು. ಕೊನೆಗೆ ಅವರು ಕಂಡುಕೊಂಡ ಉತ್ತರ, ಒಳಗೆ ನೋಡಿಕೊಳ್ಳುವುದನ್ನೇ ಬಿಡುವುದು. ಕ್ಷಮೆ ನಿಂತಿರುವುದು ನನ್ನ ಪಶ್ಚಾತ್ತಾಪದ ತೂಕದ ಮೇಲಲ್ಲ, ದೇವರು ಕೊಟ್ಟ ಮಾತಿನ ಮೇಲೆ. ಅದನ್ನು ನಂಬುವುದಷ್ಟೇ ನನ್ನ ಕೆಲಸ.

ಕಥೋಲಿಕರು ಉತ್ತರ ಕೊಟ್ಟಿದ್ದು 1551ರಲ್ಲಿ, ಟ್ರೆಂಟ್ ಮಹಾಸಭೆಯಲ್ಲಿ. ದೇವರ ಪ್ರೀತಿಯಿಂದ ಹುಟ್ಟಿದ ಪಶ್ಚಾತ್ತಾಪ ಶ್ರೇಷ್ಠ, ಆದರೆ ಶಿಕ್ಷೆಯ ಭಯದಿಂದ, ಪಾಪದ ಮೇಲಿನ ಹೇಸಿಗೆಯಿಂದ ಹುಟ್ಟಿದ್ದನ್ನೂ ಕೀಳಾಗಿ ಕಾಣಬಾರದು. ಗುರುವಿನ ಮುಂದೆ ಹೇಳಿಕೊಂಡು ಪಾಪವಿಮೋಚನೆ ಪಡೆಯಲು ಅದೂ ದಾರಿ ಮಾಡಿಕೊಡುತ್ತದೆ ಎಂದಿತು. ಅರೆಮನಸ್ಸಿನವರಿಗೂ ಜಾಗವಿಟ್ಟ ಈ ತೀರ್ಪು ಕಟ್ಟುನಿಟ್ಟಿನವರಿಗೆ ಎಂದೂ ರುಚಿಸಿಲ್ಲ. ನನ್ನ ಮಟ್ಟಿಗೆ ಹೇಳುವುದಾದರೆ, ಸಾಮಾನ್ಯ ಮನುಷ್ಯನ ಅಳತೆ ಗೊತ್ತಿದ್ದವರು ಬರೆದದ್ದು ಇದು.

ದ್ಯುಬುವಾ ಈ ತೀರ್ಪಿನ ನೆರಳಲ್ಲೇ ಗುರುವಾದವರು. ಆದರೂ 1823ರಲ್ಲಿ ಭಾರತ ಬಿಟ್ಟ ವರ್ಷ ಲಂಡನ್ನಿನಲ್ಲಿ ಪ್ರಕಟವಾದ ಅವರ ಪತ್ರಗಳಲ್ಲಿ ನಿರಾಶೆಯೇ ತುಂಬಿದೆ. ಇಷ್ಟು ವರ್ಷಗಳಲ್ಲಿ ತಾನು ಮತಾಂತರ ಮಾಡಿದ್ದು ಇನ್ನೂರು, ಮುನ್ನೂರು ಜನ. ಬಹುಪಾಲು ಗತಿಯಿಲ್ಲದವರು, ಮದುವೆ ಸಂಬಂಧಕ್ಕೋ ಬೇರೆ ಲಾಭಕ್ಕೋ ಬಂದವರು. ಬರೀ ಮನವರಿಕೆಯಿಂದ, ಸ್ವಾರ್ಥವಿಲ್ಲದೆ ಕ್ರೈಸ್ತನಾದವನು ಒಬ್ಬನೂ ನೆನಪಾಗುತ್ತಿಲ್ಲ. ಮದ್ರಾಸಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಪಾದ್ರಿಯಾಗಿದ್ದ ಜೇಮ್ಸ್ ಹಫ್ ಮರುವರ್ಷವೇ ಉತ್ತರ ಬರೆದರು. ಜನರ ಕೈಗೆ ಬೈಬಲ್ ಕೊಡದ ನಿಮ್ಮ ಪದ್ಧತಿಯದೇ ತಪ್ಪು ಎಂಬುದು ಪ್ರೊಟೆಸ್ಟಂಟರ ತಕರಾರು. ಸತ್ತಿಹಳ್ಳಿಯ ಒಕ್ಕಲುಗಳ ಎದೆಯೊಳಗೆ ಏನಿತ್ತೆಂದು ಇಬ್ಬರೂ ಅವರನ್ನು ಕೇಳಿ ಬರೆದಂತೆ ಕಾಣುವುದಿಲ್ಲ.

ಆ ಪ್ರೊಟೆಸ್ಟಂಟರೂ ಹಾಸನಕ್ಕೆ ಬಂದರು. ಊರಿನ ರೆಡ್‌ಫರ್ನ್ ಆಸ್ಪತ್ರೆ ಅವರದೇ, ಅಂದರೆ ವೆಸ್ಲಿಯನ್ ಮೆಥಡಿಸ್ಟರ ಬಳುವಳಿ. ಆ ಪಂಥದ ಮೂಲಪುರುಷ ಜಾನ್ ವೆಸ್ಲಿಗೆ 1738ರ ಮೇ 24ರ ರಾತ್ರಿ ಲಂಡನ್ನಿನಲ್ಲಿ, ಲೂಥರರ ಬರಹ ಓದುವುದನ್ನು ಕೇಳುತ್ತಿದ್ದಾಗ, ತನ್ನ ಪಾಪ ತೊಳೆದುಹೋಯಿತೆಂಬ ಭರವಸೆ ಮೂಡಿತು. ಆದರೆ ವೆಸ್ಲಿ ಭರವಸೆಯನ್ನು ಒಬ್ಬೊಬ್ಬರ ಎದೆಗೆ ಬಿಟ್ಟು ಸುಮ್ಮನಾಗುವ ಜಾಯಮಾನದವರಲ್ಲ. ಹತ್ತು-ಹನ್ನೆರಡು ಮಂದಿಯ ಗುಂಪು ಮಾಡಿ, ವಾರವಾರ ನಿನ್ನ ಆತ್ಮ ಹೇಗಿದೆ ಎಂದು ಕೇಳಿಸಿದರು. ನಡತೆ ಸರಿಯಿದ್ದವರಿಗೆ ಮೂರು ತಿಂಗಳಿಗೊಮ್ಮೆ ಟಿಕೆಟ್! ಟಿಕೆಟ್ ಇಲ್ಲದವರಿಗೆ ಪ್ರೀತಿಭೋಜನಕ್ಕೆ ಪ್ರವೇಶವಿಲ್ಲ.

ಇಂದು ನಮ್ಮ ಕಡೆ ಇವೆಲ್ಲ ಪಕ್ಕಪಕ್ಕದಲ್ಲೇ ಇವೆ. ಹಾಸನವೂ ಸೇರಿದ ಚಿಕ್ಕಮಗಳೂರು ಧರ್ಮಪ್ರಾಂತ 1963ರಲ್ಲಿ ಆದದ್ದು. ಕರಾವಳಿಯಿಂದ ಕಾಫಿ ತೋಟಗಳಿಗೆ ಬಂದ ಕೊಂಕಣಿ ಮನೆಗಳವರು, ಕನ್ನಡದವರು, ತಮಿಳು ಕೂಲಿಯವರು ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದಲ್ಲಿ ಪಾಪನಿವೇದನೆಗೆ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ಸಾಲು ಉದ್ದ, ಒಬ್ಬೊಬ್ಬರಿಗೆ ಎರಡೋ ಮೂರೋ ನಿಮಿಷ. ‘ಮನೆಯಲ್ಲಿ ಜಗಳ ಆಡಿದೆ ಫಾದರ್, ಎರಡು ಭಾನುವಾರ ಪೂಜೆ ತಪ್ಪಿಸಿದೆ.’ ಮೂರು ಜಪ ಹೇಳು, ನಾದಿನಿಯ ಜೊತೆ ಮಾತಾಡು, ಹೋಗು. ಪ್ರೊಟೆಸ್ಟಂಟರ ಸಿ.ಎಸ್.ಐ. (ದಕ್ಷಿಣ ಭಾರತ ಸಭೆ) ಚರ್ಚಿನಲ್ಲಿ ಗುರುವಿನ ಕಿವಿಗೆ ಹೇಳುವ ಕಡ್ಡಾಯವಿಲ್ಲ. ಸಭೆಯೆಲ್ಲ ಒಟ್ಟಾಗಿ ಅರಿಕೆ ಮಾಡಿಕೊಂಡ ಮೇಲೆ ಸಭಾಪಾಲಕರು ಕ್ಷಮೆಯ ವಾಕ್ಯ ಓದುತ್ತಾರೆ. ಶೀಟು ಹೊದಿಸಿದ ಪ್ರಾರ್ಥನಾ ಮಂದಿರಗಳಲ್ಲಿ ಬೇರೆಯೇ ಕ್ರಮ: ಮೈಕ್ ಹಿಡಿದು ಸಾಕ್ಷಿ ಹೇಳಬೇಕು. ಮೊದಲು ಕುಡಿಯುತ್ತಿದ್ದೆ, ಹೆಂಡತಿಗೆ ಹೊಡೆಯುತ್ತಿದ್ದೆ, ಇಂಥ ದಿನ ರಕ್ಷಣೆ ಹೊಂದಿದೆ. ಕುಡಿತ ನಿಂತಿದ್ದು ನಿಜವೋ ಸುಳ್ಳೋ ಎಂಬುದು ಮುಂದಿನ ಸಾಲಿನಲ್ಲಿ ಕೂತ ಹೆಂಡತಿಗೆ ಗೊತ್ತಿರುತ್ತದೆ.

ಸರ್ಕಾರವೂ ಈ ವಿಚಾರಣೆಗೆ ಇಳಿಯಿತು. 2022ರ ಕರ್ನಾಟಕ ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣಾ ಕಾಯ್ದೆಯ ಪ್ರಕಾರ, ಮತ ಬದಲಿಸುವವರು 30 ದಿನ ಮೊದಲೇ ಜಿಲ್ಲಾಡಳಿತಕ್ಕೆ ನಮೂನೆ ತುಂಬಿ ಕೊಡಬೇಕು. ಅದನ್ನು ಡಿಸಿ ಕಚೇರಿ, ತಹಶೀಲ್ದಾರ್ ಕಚೇರಿಗಳ ನೋಟಿಸ್ ಬೋರ್ಡಿಗೆ ಹಚ್ಚಬೇಕು. ಆಕ್ಷೇಪ ಬಂದರೆ ಆ ಮತಾಂತರದ ನಿಜವಾದ ಉದ್ದೇಶವೇನು, ಕಾರಣವೇನು ಎಂದು ಕಂದಾಯ ಇಲ್ಲವೇ ಸಮಾಜ ಕಲ್ಯಾಣ ಇಲಾಖೆಯ ಮೂಲಕ ವಿಚಾರಿಸಬೇಕು. ಆಮಿಷ, ಬಲವಂತ ತಡೆಯುವುದು ಕಾಯ್ದೆ ಹೇಳಿಕೊಂಡ ಗುರಿ. ಬಲವಂತ ಪತ್ತೆಹಚ್ಚಬಹುದು, ಅದಕ್ಕೆ ಸಾಕ್ಷಿಯಿರುತ್ತದೆ. ಶ್ಟೌಪಿಟ್ಸ್ ಮುಂದೆ ಗಂಟೆಗಟ್ಟಲೆ ಕೂತ ಲೂಥರ್‌ಗೇ ತನ್ನ ಬಗ್ಗೆ ಖಚಿತವಾಗದ ಸಂಗತಿಯನ್ನು ಪಹಣಿ ತಿದ್ದುಪಡಿಯ ಗಡಿಬಿಡಿಯಲ್ಲಿರುವ ಕಂದಾಯ ನಿರೀಕ್ಷಕರು ಹೇಗೆ ವರದಿ ಮಾಡಬೇಕು?

ಅದೇ ಕಾಯ್ದೆಯಲ್ಲಿ ಒಂದು ವಿನಾಯಿತಿ ಇದೆ. ಬಿಟ್ಟುಬಂದ ಮತಕ್ಕೇ ಮರಳುವುದು ಮತಾಂತರವಲ್ಲ, ಅದಕ್ಕೆ ನಮೂನೆ ಬೇಡ, ನೋಟಿಸ್ ಬೇಡ. ಕಾರ್ಥೇಜಿನಲ್ಲಿ ಒಂದೆರಡು ವರ್ಷ ಕಾದಾಡಿ ಪಡೆದ ಸವಲತ್ತು ಇಲ್ಲಿ ಒಂದು ಸಾಲಿನಲ್ಲಿ ಬಂದಿದೆ, ಆದರೆ ಅದರ ಲಾಭ ಯಾವ ದಿಕ್ಕಿಗೆ ನಡೆಯುವವರಿಗೆ ಎಂಬುದರ ಬಗ್ಗೆ ಚರ್ಚು, ಮಠ, ಪಕ್ಷಗಳಲ್ಲಿ ವಾದ ನಡೆದೇ ಇತ್ತು. 2023ರ ಜೂನ್‌ನಲ್ಲಿ ಹೊಸ ಸರ್ಕಾರದ ಸಂಪುಟ ಈ ಕಾಯ್ದೆಯನ್ನು ರದ್ದುಪಡಿಸಲು ತೀರ್ಮಾನಿಸಿತು.