ಬೆರಳು ತೋರಿಸಿದರೆ ಕುಂಬಳದ ಹೀಚು ಕೊಳೆಯುತ್ತಾ?

ಯುಗಾದಿ ಹತ್ತಿರ ಬಂತು ಅಂದರೆ ಬೆಂಗಳೂರಿನ ತಾರಸಿ ತೋಟಗಳಲ್ಲಿ ಒಂದೇ ದೂರು: ‘ಬಳ್ಳಿ ತುಂಬ ಹೂವು, ಕಾಯಿ ಮಾತ್ರ ಒಂದೂ ಇಲ್ಲ.’ ಕಾರಣವೂ ಸಿದ್ಧವಾಗಿರುತ್ತದೆ. ಪಕ್ಕದ ಮನೆಯವರ ಕಣ್ಣು ಬಿತ್ತು, ಇಲ್ಲವೇ ಮೊಮ್ಮಗ ಹೀಚಿಗೆ ಬೆರಳು ತೋರಿಸಿದ. ‘ಬೆರಳು ತೋರಿಸ್ಬೇಡ ಕಣೋ, ಕೊಳೆತು ಹೋಗುತ್ತೆ’ ಅಂತ ಅಜ್ಜಿಯಿಂದ ಬೈಸಿಕೊಳ್ಳದೆ ಬೆಳೆದವರು ನಮ್ಮಲ್ಲಿ ಕಡಿಮೆ. ಆದರೆ ಹೊಸ ಮನೆಗೆ ದೃಷ್ಟಿ ತಾಗದಿರಲಿ ಅಂತ ಬಾಗಿಲಿಗೆ ಕಟ್ಟುವುದು ಬೂದುಗುಂಬಳವನ್ನೇ ಅಲ್ವಾ? ಊರಿನ ಕಣ್ಣನ್ನೆಲ್ಲ ತಡೆಯುವ ಕಾಯಿಗೆ ಒಬ್ಬ ಹುಡುಗನ ಬೆರಳು ಜಾಸ್ತಿಯಾಯಿತೇ!

ಬೆಳಿಗ್ಗೆ ಏಳು ಗಂಟೆಗೆ ಕುಂಬಳದ ಬಳ್ಳಿಯ ಹತ್ತಿರ ಹೋಗಿ ನೋಡಿ. ಎರಡು ಬಗೆಯ ಹೂವು ಇರುತ್ತವೆ. ಉದ್ದನೆಯ ತೆಳು ತೊಟ್ಟಿನ ಮೇಲೆ ನೆಟ್ಟಗೆ ನಿಂತದ್ದು ಗಂಡು. ಗಿಡ್ಡ ತೊಟ್ಟು, ದಳದ ಕೆಳಗೆ ಗೋಲಿಯಷ್ಟು ದಪ್ಪದ ಹಸಿರು ಉಂಡೆ ಇದ್ದರೆ ಹೆಣ್ಣು. ಗಂಡು ಹೂವು ಮೊದಲು ಬರುತ್ತವೆ, ಲೆಕ್ಕದಲ್ಲೂ ಜಾಸ್ತಿ. ಅವು ಉದುರುವುದೇ ನಿಯಮ. ಅದಕ್ಕೆ ಅಳುವುದು ಬೇಡ.

ನಮ್ಮನ್ನು ಮೋಸ ಮಾಡುವುದು ಆ ಹಸಿರು ಉಂಡೆ. ಅದನ್ನು ಕಂಡು ಕಾಯಿ ಕಚ್ಚಿತು ಅಂದುಕೊಳ್ಳುತ್ತೇವೆ. ಕಚ್ಚಿಲ್ಲ. ಗಂಡು ಗೊತ್ತಾಗುವ ಮುಂಚೆಯೇ ಚೌಲ್ಟ್ರಿ ಬುಕ್ ಮಾಡಿಟ್ಟ ಹಾಗೆ ಅದು. ಒಳಗೆ ಬೀಜವಾಗಬೇಕಾದ ಅಂಡಗಳು ಸಾಲಾಗಿ ಕೂತಿರುತ್ತವೆ, ಅಷ್ಟೇ. ಪರಾಗದ ಕಣ ಹೆಣ್ಣು ಹೂವಿನ ನಡುವಿನ ಅಂಟು ತುದಿಗೆ ತಾಗಬೇಕು. ಅಲ್ಲಿ ಅದು ಮೊಳೆತು, ಸಣ್ಣ ನಾಳವೊಂದನ್ನು ಕೆಳಗಿಳಿಸಿ ಅಂಡವನ್ನು ಮುಟ್ಟಬೇಕು. ಒಂದು ಬೀಜಕ್ಕೆ ಒಂದು ಕಣ. ಮುನ್ನೂರು ಬೀಜದ ಕುಂಬಳಕ್ಕೆ ಕಡಿಮೆ ಅಂದರೂ ಮುನ್ನೂರು ಕಣ ಬೇಕು.

ಎಳೆ ಬೀಜಗಳು ಆಕ್ಸಿನ್, ಜಿಬ್ಬರೆಲಿನ್ ಎಂಬ ಹಾರ್ಮೋನುಗಳನ್ನು ತಯಾರಿಸುತ್ತವೆ. ಸುತ್ತಲಿನ ತಿರುಳು ಬೆಳೆಯುವುದು ಅವುಗಳ ಸೂಚನೆಯಿಂದಲೇ. 1936ರಲ್ಲಿ ಅಮೆರಿಕದ ಗುಸ್ಟಾಫ್ಸನ್ ಎಂಬ ವಿಜ್ಞಾನಿ ಪರಾಗವೇ ಇಲ್ಲದೆ, ಬರೀ ಬೆಳವಣಿಗೆಯ ರಾಸಾಯನಿಕ ಸವರಿ ಟೊಮೆಟೊ ಕಾಯಿ ಬಿಡಿಸಿದ. ಬೀಜ ಕಟ್ಟದಿದ್ದರೆ ಈ ಸೂಚನೆ ಹುಟ್ಟುವುದೇ ಇಲ್ಲ. ಬಳ್ಳಿ ಆಹಾರ ಕಳಿಸುವುದನ್ನು ನಿಲ್ಲಿಸುತ್ತದೆ. ಹೀಚು ಹಳದಿಯಾಗಿ, ಮೆತ್ತಗಾಗಿ, ಕೆಲವೇ ದಿನಗಳಲ್ಲಿ ಕೊಳೆಯುತ್ತದೆ. ಮನೆಯವರೆಲ್ಲ ಅದನ್ನು ಗಮನಿಸಿ, ಮಗುವಿಗೆ ತೋರಿಸಿ ಸಂಭ್ರಮಿಸುವುದು ಹೂವು ಅರಳಿದ ದಿನವೇ. ಅದರ ಹಣೆಬರಹ ತೀರ್ಮಾನವಾಗುವುದೂ ಅವತ್ತೇ. ಬೆರಳಿಗೆ ಅಪವಾದ ಬಂದದ್ದು ಹೀಗೆ.

ಅಡುಗೆಮನೆಯಲ್ಲೇ ಸಾಕ್ಷಿ ಸಿಗುತ್ತದೆ. ಒಂದು ಕಡೆ ದಪ್ಪ, ಇನ್ನೊಂದು ಕಡೆ ಸೊರಗಿದ ನಾಟಿ ಸೌತೆಕಾಯಿಯನ್ನು ಉದ್ದಕ್ಕೆ ಸೀಳಿ ನೋಡಿ. ದಪ್ಪ ಇರುವ ಕಡೆ ಬೀಜ ತುಂಬಿರುತ್ತವೆ. ಸೊರಗಿದ ಕಡೆ ಬೀಜ ಜೊಳ್ಳು. ಪರಾಗ ಸಾಲದೆ ಅರ್ಧಂಬರ್ಧ ಆದ ಕೆಲಸ ಅದು.

ಗಿಡಗಳಲ್ಲೂ ಗಂಡು ಹೆಣ್ಣು ಇವೆ ಅಂತ ಪ್ರಯೋಗ ಮಾಡಿ ತೋರಿಸಿದವನು ಜರ್ಮನಿಯ ಟ್ಯೂಬಿಂಗನ್‌ನ ವೈದ್ಯ ಕ್ಯಾಮರೇರಿಯಸ್. ನಮ್ಮ ಬೇಲಿಯಲ್ಲಿ ಬೆಳೆಯುವ ಹರಳು ಗಿಡದ ಗಂಡು ಹೂವನ್ನು ಅರಳುವ ಮುಂಚೆಯೇ ಕಿತ್ತು ಹಾಕಿದ. ಸರಿಯಾದ ಬೀಜ ಕಟ್ಟಲೇ ಇಲ್ಲ. ಇದನ್ನು ಅವನು ಬರೆದು ಪ್ರಕಟಿಸಿದ್ದು 1694ರಲ್ಲಿ. ಮೂರು ಶತಮಾನ ದಾಟಿದರೂ ನಾವಿನ್ನೂ ಬಳ್ಳಿಗೆ ಹಳೇ ಚಪ್ಪಲಿ ಕಟ್ಟುತ್ತಿದ್ದೇವೆ.

ಬೇಸಿಗೆಯ ಹೊಸ್ತಿಲಲ್ಲೇ ಈ ತೊಂದರೆ ಜಾಸ್ತಿ ಯಾಕೆ? ಕುಂಬಳದ ಜಾತಿಯ ಬಳ್ಳಿಗಳು ಸೆಕೆ ಏರಿದಾಗ ಗಂಡು ಹೂವನ್ನೇ ಹೆಚ್ಚು ಬಿಡುತ್ತವೆ. ತಂಪು ಊರು ಅನ್ನಿಸಿಕೊಂಡ ಬೆಂಗಳೂರೇ 2016ರ ಏಪ್ರಿಲ್‌ನಲ್ಲಿ 39.2 ಡಿಗ್ರಿ ಮುಟ್ಟಿತ್ತು. ಜೊತೆಗೆ ಕುಂಬಳದ ಪರಾಗ ದಪ್ಪ, ಮುಳ್ಳುಮುಳ್ಳು, ಅಂಟಂಟು. ಗಾಳಿಗೆ ಹಾರುವುದಿಲ್ಲ, ಜೇನೇ ಹೊರಬೇಕು. ಈ ಕುಂಬಳ, ಅಂದರೆ ಸಿಹಿಗುಂಬಳ, ಅಮೆರಿಕದಿಂದ ಬಂದ ಬೆಳೆ. ಅದಕ್ಕೆಂದೇ ಇರುವ ದುಂಬಿಗಳು ಅಲ್ಲೇ ಉಳಿದವು. ಇಲ್ಲಿ ಆ ಕೆಲಸ ನೋಡಿಕೊಳ್ಳುವುದು ನಮ್ಮ ತುಡುವೆ, ಹೆಜ್ಜೇನು. ಅಪಾರ್ಟ್‌ಮೆಂಟಿನ ಸಜ್ಜಾದಲ್ಲಿ ಹೆಜ್ಜೇನು ಕಟ್ಟಿದ ಕೂಡಲೇ ಔಷಧ ಹೊಡೆಸಿ, ಆಮೇಲೆ ಕಾಯಿ ಕಚ್ಚುತ್ತಿಲ್ಲ ಅಂದರೆ ಯಾರು ಏನು ಮಾಡೋಕಾಗುತ್ತೆ?

ಜೇನು ಬರದಿದ್ದರೆ ಕೈಯಲ್ಲೇ ಮಾಡಬಹುದು. ಗಂಡು ಹೂವು ಕಿತ್ತು, ದಳ ಸುಲಿದು, ನಡುವಿನ ಹಳದಿ ಕಡ್ಡಿಯನ್ನು ಹೆಣ್ಣು ಹೂವಿನ ಒಳಗೆ ಸುತ್ತಲೂ ಸವರಿದರೆ ಮುಗಿಯಿತು. ಕುಂಬಳಕ್ಕೆ ಇದು ಬೆಳಿಗ್ಗೆಯ ಕೆಲಸ, ಬಿಸಿಲೇರಿದರೆ ಹೂವು ಮುಚ್ಚಿಕೊಳ್ಳುತ್ತದೆ. ಸೋರೆ, ಹೀರೆ ಅರಳುವುದು ಸಂಜೆ. ಅವಕ್ಕೆ ಆಗಲೇ ಮಾಡಬೇಕು.

ಇಷ್ಟಾದ ಮೇಲೂ, ನಿಂಬೆಹಣ್ಣಿನ ಗಾತ್ರಕ್ಕೆ ಬೆಳೆದ ಹೀಚು ಕೊಳೆತರೆ ಸಿಪ್ಪೆಯನ್ನು ಹತ್ತಿರದಿಂದ ನೋಡಿ. ಸೂಜಿ ಚುಚ್ಚಿದಂಥ ತೂತು, ಅದರ ಬಾಯಲ್ಲಿ ಗೋಂದಿನ ಹನಿ ಇದ್ದರೆ ಅದು ಹಣ್ಣುನೊಣ ಮೊಟ್ಟೆ ಇಟ್ಟ ಗುರುತು. ಅಂಥ ಕಾಯಿಯನ್ನು ಗೊಬ್ಬರದ ಡಬ್ಬಕ್ಕೆ ಹಾಕಬೇಡಿ. ಹುಳುಗಳು ಮಣ್ಣಿಗಿಳಿದು, ಕೋಶ ಕಟ್ಟಿ, ಮತ್ತೆ ನೊಣವಾಗಿ ಎದ್ದು ಬರುತ್ತವೆ. ಪ್ಲಾಸ್ಟಿಕ್ ಕವರಿನಲ್ಲಿ ಬಿಗಿಯಾಗಿ ಕಟ್ಟಿ ತಾರಸಿಯ ಬಿಸಿಲಿಗೆ ಕೆಲವು ದಿನ ಬಿಡಿ, ಒಳಗಿನ ಹುಳು ಅಲ್ಲೇ ಸಾಯುತ್ತವೆ.