ಟೇಬಲ್ ಬುಕ್ ಮಾಡಿದರೆ ಅದು ದರ್ಶಿನಿ ಅಲ್ಲ

ಹೋದ ತಿಂಗಳು ನಮ್ಮ ಮನೆ ಹತ್ತಿರ ಹೊಸ ಹೋಟೆಲ್ ಒಂದು ಶುರುವಾಯಿತು. ಬಾಗಿಲ ಮೇಲೆ ದೊಡ್ಡ ಬ್ಯಾನರ್: ‘ಪ್ರೀಮಿಯಂ ದರ್ಶಿನಿ. ಟೇಬಲ್ ಬುಕ್ ಮಾಡಲು ಕರೆ ಮಾಡಿ.’ ಒಳಗೆ ಸೋಫಾ, ಮಬ್ಬು ಬೆಳಕು, ಮೆನು ಹಿಡಿದು ಬರುವ ಸಪ್ಲೈಯರ್. ಅಡುಗೆಮನೆ ಎಲ್ಲಿದೆ ಅಂತ ಕಣ್ಣಾಡಿಸಿದೆ, ಎಲ್ಲೂ ಕಾಣಲಿಲ್ಲ. ತಿಂಡಿ ಚೆನ್ನಾಗಿಯೇ ಇತ್ತು. ನನ್ನ ತಕರಾರು ಬ್ಯಾನರಿನ ಮೇಲಿದ್ದ ‘ದರ್ಶಿನಿ’ ಅನ್ನುವ ಪದದ ಬಗ್ಗೆ.

ಇದು ಮೊದಲ ಸಲವೂ ಅಲ್ಲ. ಬೆಂಗಳೂರಿನ ತಿಂಡಿ ಬಗ್ಗೆ ವಿಡಿಯೊ ಮಾಡುವವರು ಗಾಂಧಿ ಬಜಾರಿನ ವಿದ್ಯಾರ್ಥಿ ಭವನವನ್ನೂ ದರ್ಶಿನಿ ಅಂದಿದ್ದನ್ನು ಕೇಳಿದ್ದೇನೆ. 1943ರಿಂದ ನಡೆಯುತ್ತಿರುವ ಆ ಹೋಟೆಲಲ್ಲಿ ಹೊರಗೆ ಕಾಯಬೇಕು, ಒಳಗೆ ಹೋಗಿ ಕೂರಬೇಕು. ಸಪ್ಲೈಯರ್ ಕೈ ಮೇಲೆ ಸಾಲಾಗಿ ದೋಸೆ ತಟ್ಟೆ ಜೋಡಿಸಿಕೊಂಡು ಬರುತ್ತಾರೆ. ಅದನ್ನು ನೋಡೋಕೇ ಅಂತ ಹೋಗುವವರಿದ್ದಾರೆ. ಸಪ್ಲೈಯರ್ ಇಷ್ಟು ಮುಖ್ಯವಾದ ಜಾಗ ದರ್ಶಿನಿ ಹೇಗಾಗುತ್ತೆ?

ತಪ್ಪಿನ ಬೇರು ಒಂದೇ. ದರ್ಶಿನಿ ಅಂದರೆ ಇಡ್ಲಿ, ದೋಸೆ ಸಿಗುವ ಯಾವುದೇ ವೆಜ್ ಹೋಟೆಲ್ ಅಂದುಕೊಂಡಿದ್ದಾರೆ. ಆದರೆ ಅದು ತಿಂಡಿಯ ಹೆಸರಲ್ಲ. ಕಡಿಮೆ ರೇಟಿನ ಹೆಸರೂ ಅಲ್ಲ. ಅದು ಒಂದು ಏರ್ಪಾಡಿನ ಹೆಸರು. ಮೊದಲು ದುಡ್ಡು ಕೊಟ್ಟು ಬಿಲ್ ತಗೋಬೇಕು, ಅದನ್ನು ಕೌಂಟರಿನಲ್ಲಿ ಕೊಟ್ಟು ತಿಂಡಿ ನಾವೇ ಎತ್ತಿಕೊಳ್ಳಬೇಕು, ಎತ್ತರದ ಟೇಬಲ್ ಹತ್ತಿರ ನಿಂತು ತಿನ್ನಬೇಕು. ಮತ್ತೆ, ಅಡುಗೆ ಆಗುವುದು ಕಣ್ಣಿಗೆ ಕಾಣಬೇಕು. ಈ ಕೊನೆಯದನ್ನೇ ಎಲ್ಲರೂ ಮರೆಯುತ್ತಾರೆ. ಪದ ಹುಟ್ಟಿರುವುದೇ ಅದರಿಂದ.

ಸಂಸ್ಕೃತದ ‘ದೃಶ್’ ಧಾತುವಿನ ಅರ್ಥ ನೋಡುವುದು. ದರ್ಶನ, ದೃಶ್ಯ, ದೃಷ್ಟಿ ಎಲ್ಲಾ ಅದರ ಮಕ್ಕಳೇ. ಅದರಿಂದಲೇ ‘ದರ್ಶಿ’ ಬಂತು. ಇದು ಪದದ ಕೊನೆಗೆ ಬಂದು ಕೂತಾಗ ಎರಡು ಕೆಲಸ ಮಾಡುತ್ತದೆ. ದೂರದರ್ಶಿ ಅಂದರೆ ದೂರ ನೋಡುವವನು. ಮಾರ್ಗದರ್ಶಿ ಅಂದರೆ ದಾರಿ ತೋರಿಸುವವನು. ಒಂದರಲ್ಲಿ ನೋಟ, ಇನ್ನೊಂದರಲ್ಲಿ ತೋರುವುದು. ದಿನ ಬೆಳಗಾದರೆ ಗೋಡೆಯಲ್ಲಿ ನೋಡುವ ದಿನದರ್ಶಿಕೆಯಲ್ಲೂ ಇರುವುದು ತೋರಿಸುವ ಅರ್ಥವೇ. ಅಶೋಕನ ಶಾಸನಗಳ ‘ಪಿಯದಸಿ’ ಕೂಡ ಇದೇ ಮನೆತನದ್ದು, ಸಂಸ್ಕೃತದಲ್ಲಿ ಪ್ರಿಯದರ್ಶಿ. ಈ ‘ದರ್ಶಿ’ಯ ಸ್ತ್ರೀಲಿಂಗ ರೂಪ ದರ್ಶಿನಿ. ಅಕ್ಷರಶಃ ಹೇಳಿದರೆ ‘ನೋಡುವವಳು’ ಅಥವಾ ‘ತೋರಿಸುವವಳು’. ಹೋಟೆಲಿಗೆ ಹೊಂದುವುದು ಎರಡನೆಯದು. ಹಿಟ್ಟು, ಹಂಚು, ಎಣ್ಣೆ, ಪಾತ್ರೆ, ಭಟ್ಟರ ಕೈ, ಎಲ್ಲವನ್ನೂ ತೋರಿಸುವ ಹೋಟೆಲ್. ಇಷ್ಟು ಚಂದದ ಹೆಸರು ಬೇರೆ ಯಾವ ಹೋಟೆಲ್ ಜಾತಿಗೂ ಇಲ್ಲ ಅಂತ ನನ್ನ ನಂಬಿಕೆ.

ಬರೆಯುವಾಗ ಆಗುವ ತಪ್ಪನ್ನೂ ಇಲ್ಲೇ ಹೇಳಿಬಿಡುತ್ತೇನೆ. ಕೆಲವು ಬೋರ್ಡುಗಳಲ್ಲಿ ‘ದರ್ಶಿಣಿ’ ಅಂತ ಇರುತ್ತದೆ. ಗೃಹಿಣಿ, ಕಾರಿಣಿ ಇದ್ದ ಹಾಗೆ ಇದೂ ಅಂದುಕೊಂಡು ಹಾಕಿರುತ್ತಾರೆ. ಆ ಪದಗಳಲ್ಲಿ ‘ಋ’ ಅಥವಾ ‘ರ’ ಇರುವುದರಿಂದ ‘ನ’ ‘ಣ’ ಆಗಿದೆ. ಆದರೆ ರಕಾರಕ್ಕೂ ನಕಾರಕ್ಕೂ ನಡುವೆ ‘ಶ’ ಬಂದರೆ ‘ನ’ ಹಾಗೇ ಉಳಿಯುತ್ತದೆ. ‘ದರ್ಶನಿ’ಯೂ ತಪ್ಪು. ಇನ್ನು ಅದರ ಪಕ್ಕದಲ್ಲೇ ಬರೆದಿರುವ ‘ಉಪಹಾರ’ ನೋಡಿದರಂತೂ ಬೇಜಾರಾಗುತ್ತದೆ. ಉಪಹಾರ ಅಂದರೆ ಕಾಣಿಕೆ, ಉಡುಗೊರೆ. ತಿಂಡಿಗೆ ಬೇಕಾದ್ದು ಉಪಾಹಾರ: ಉಪ, ಆಹಾರ, ಸವರ್ಣದೀರ್ಘ ಸಂಧಿ. ಒಂದು ದೀರ್ಘಕ್ಕೆ ಬಣ್ಣ ಎಷ್ಟು ಜಾಸ್ತಿ ಬೇಕು ಹೇಳಿ.

ಪದ ಹೋಟೆಲಿಗೆ ಬಂದಿದ್ದು 1983ರಲ್ಲಿ. ಆರ್. ಪ್ರಭಾಕರ್ ಅವರು ಜಯನಗರದಲ್ಲಿ ಕೆಫೆ ದರ್ಶಿನಿ ಶುರು ಮಾಡಿದರು. ಆಮೇಲೆ ಬಡಾವಣೆಗೊಂದು ದರ್ಶಿನಿ ಬಂತು, ದೇವರ ಹೆಸರಿಗೆಲ್ಲ ‘ದರ್ಶಿನಿ’ ಸೇರಿತು. ಡಾಲ್ಡಾ, ಜೆರಾಕ್ಸ್ ಆದ ಹಾಗೆ ಒಂದು ಅಂಗಡಿಯ ಹೆಸರು ಜಾತಿಯ ಹೆಸರಾಯಿತು. ಈಗ ಬೋರ್ಡಿನಲ್ಲಿ ‘ಸಾಗರ್’ ಅಂತಲೋ ‘ಗ್ರ್ಯಾಂಡ್’ ಅಂತಲೋ ಇದ್ದರೂ ನಾವು ಅದನ್ನು ದರ್ಶಿನಿ ಅಂತೀವಿ. ಅದು ಸರಿಯಾದ ಬಳಕೆಯೇ. ಹೆಸರು ಯಾವುದಾದರೂ ಇರಲಿ, ಏರ್ಪಾಡು ಅದೇ ಇದೆಯಲ್ಲ.

ಅದಕ್ಕಿಂತ ಮುಂಚೆ ಇದೆಲ್ಲ ಇರಲೇ ಇಲ್ವಾ ಅಂದರೆ, ಬಿಡಿಬಿಡಿಯಾಗಿ ಇತ್ತು. ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್ 1965ರದ್ದು. ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್, ಕಾಫಿ, ಟೀ, ಮುಗೀತು. ಸಾಂಬಾರ್ ಇಲ್ಲ, ಚಟ್ನಿ ಮಾತ್ರ. ತಟ್ಟೆ ಹಿಡಿದು ಫುಟ್‌ಪಾತಿನಲ್ಲಿ ನಿಂತು ತಿನ್ನುತ್ತಾರೆ. ಲಾಲ್‌ಬಾಗ್ ರಸ್ತೆಯ ಎಂಟಿಆರ್ 1924ರಲ್ಲಿ ಶುರುವಾದದ್ದು. ಗಿರಾಕಿಗಳಿಗೆ ಅಡುಗೆಮನೆ ತೋರಿಸುವ ಪದ್ಧತಿಗೆ ಅದು ಹೆಸರುವಾಸಿ. ಆದರೆ ಅಲ್ಲಿ ಊಟಕ್ಕೆ ಸರದಿ ಕಾಯಬೇಕು, ಕೂತರೆ ಬಡಿಸುತ್ತಾರೆ. ಒಂದರಲ್ಲಿ ನಿಲ್ಲುವುದು ಇತ್ತು, ಇನ್ನೊಂದರಲ್ಲಿ ತೋರಿಸುವುದು ಇತ್ತು. ಎಲ್ಲವನ್ನೂ ಸೇರಿಸಿ ಅದಕ್ಕೊಂದು ಹೆಸರು ಸಿಕ್ಕಿದ್ದು ಜಯನಗರದಲ್ಲಿ.

ಬೆಳಿಗ್ಗೆ ಏಳೂವರೆಗೆ ಯಾವುದಾದರೂ ಒಳ್ಳೆ ದರ್ಶಿನಿಯ ದೋಸೆ ಕೌಂಟರ್ ಮುಂದೆ ಎರಡು ನಿಮಿಷ ನಿಂತು ನೋಡಿ. ಭಟ್ಟರು ಕಾದ ಹಂಚಿನ ಮೇಲೆ ನೀರು ಚಿಮುಕಿಸಿ, ತೆಂಗಿನ ಕಡ್ಡಿ ಪೊರಕೆಯಲ್ಲಿ ಸರಸರ ಗುಡಿಸುತ್ತಾರೆ. ಹಬೆ ಏಳುತ್ತದೆ. ಹಿಟ್ಟು ಸಾಲಾಗಿ ಬೀಳುತ್ತದೆ, ಬಟ್ಟಲಿನ ತಳದಲ್ಲಿ ಸುತ್ತಿಸಿದರೆ ಹತ್ತು ದೋಸೆ ಒಟ್ಟಿಗೆ ಹರಡುತ್ತವೆ. ಮುಂದೆ ನಿಂತವರ ಕೈಯಲ್ಲಿ ಬಿಲ್ಲು. ಯಾರ ದೋಸೆ ಯಾವುದು ಅಂತ ಅವರಿಗೂ ಗೊತ್ತು, ಭಟ್ಟರಿಗೂ ಗೊತ್ತು. ಎಣ್ಣೆ ಎಷ್ಟು ಬಿತ್ತು, ಚಟ್ನಿ ಯಾವ ಪಾತ್ರೆಯಿಂದ ಬಂತು, ಯಾವುದನ್ನೂ ಮುಚ್ಚಿಡೋಕಾಗಲ್ಲ. ‘ತೋರಿಸುವವಳು’ ಅಂದರೆ ಇದು.

ನಿಂತು ತಿನ್ನುವುದರ ಹಿಂದೆ ಜಾಗದ ಲೆಕ್ಕ ಇದೆ. ಕುರ್ಚಿ ಇಟ್ಟರೆ ಇಪ್ಪತ್ತು ಜನ ಹಿಡಿಯದ ಕೋಣೆಯಲ್ಲಿ ನಿಂತರೆ ಅದರ ಎರಡರಷ್ಟು ಜನ ತಿನ್ನಬಹುದು. ಕೂತವರು ಹರಟೆ ಹೊಡೆಯುತ್ತಾರೆ, ನಿಂತವರು ಕಾಫಿ ಮುಗಿಸಿ ಹೊರಡುತ್ತಾರೆ. ರೇಟು ಕಡಿಮೆ ಇದ್ದದ್ದು ಇದರಿಂದ. ಆದರೆ ನನಗೆ ಇನ್ನೊಂದು ವಿಷಯ ಹೆಚ್ಚು ಇಷ್ಟ. ಆ ದುಂಡು ಟೇಬಲ್ ಯಾರ ಸ್ವಂತದ್ದೂ ಅಲ್ಲ. ಆಟೋ ಓಡಿಸುವವರು, ಬ್ಯಾಂಕಿಗೆ ಹೊರಟ ಮೇಡಂ, ಟ್ಯೂಷನ್ ಮುಗಿಸಿ ಬಂದ ಹುಡುಗರು, ಎಲ್ಲರ ತಟ್ಟೆಯೂ ಒಂದೇ ಟೇಬಲ್ ಮೇಲೆ. ಒಂಟಿಯಾಗಿ ಬಂದ ಹೆಂಗಸನ್ನು ‘ಫ್ಯಾಮಿಲಿ ರೂಮ್ ಆ ಕಡೆ’ ಅಂತ ಯಾರೂ ಕಳಿಸುವುದಿಲ್ಲ. ಟೇಬಲ್ ಬುಕ್ ಮಾಡಿದ ತಕ್ಷಣ ಇದು ಹೋಯಿತು. ‘ಪ್ರೀಮಿಯಂ ದರ್ಶಿನಿ’ ಅನ್ನುವ ಮಾತು ನನಗೆ ಒಪ್ಪಿಗೆಯಾಗದೆ ಇರುವುದು ಇದಕ್ಕೇ.

ಹಾಗಂತ ದರ್ಶಿನಿ ಬದಲಾಗಲೇಬಾರದು ಅಂತಲ್ಲ. ಗೋಬಿ ಮಂಚೂರಿ, ಚಾಟ್ಸ್, ಜ್ಯೂಸ್ ಕೌಂಟರ್ ಬಂದವು. ಬರಲಿ, ಏರ್ಪಾಡು ಬದಲಾಗಲಿಲ್ಲ. ಗಲ್ಲಾದಲ್ಲಿ ಚಿಲ್ಲರೆ ಬದಲು ಕ್ಯೂಆರ್ ಕೋಡ್ ಬಂತು, ಅದೂ ಸರಿ. 2021ರಲ್ಲಿ ಇಂದಿರಾನಗರದಲ್ಲಿ ಶುರುವಾದ ರಾಮೇಶ್ವರಂ ಕೆಫೆಯಲ್ಲಿ ಇಡ್ಲಿಗೆ ತುಪ್ಪ ಜಾಸ್ತಿ, ರೇಟೂ ಜಾಸ್ತಿ, ಕ್ಯೂ ರಸ್ತೆಗೆ ಬರುತ್ತದೆ. ಅದು ದರ್ಶಿನಿ ಅಲ್ಲ ಅಂತ ವಾದಿಸುವ ಗೆಳೆಯರಿದ್ದಾರೆ. ನಾನು ಒಪ್ಪಲ್ಲ. ಮೊದಲು ಬಿಲ್ಲು, ತೆರೆದ ಅಡುಗೆಮನೆ, ತಾವೇ ಎತ್ತಿಕೊಂಡು ನಿಂತು ತಿನ್ನುವ ಜನ. ರೇಟು ನೋಡಿ ಜಾತಿ ಹೇಳೋಕಾಗಲ್ಲ.

ಗೊಂದಲ ನಿಜವಾಗಿ ಇರುವುದು ಎರಡು ಮಹಡಿಯ ಹೋಟೆಲುಗಳಲ್ಲಿ. ಕೆಳಗೆ ಸೆಲ್ಫ್ ಸರ್ವಿಸ್, ಮೇಲೆ ಎಸಿ ಹಾಲ್. ಅದೇ ಹಂಚಿನ ದೋಸೆ ಮೇಲೆ ಹೋದರೆ ರೇಟು ಏರುತ್ತದೆ. ಕೆಳಗಿನದು ದರ್ಶಿನಿ, ಮೇಲಿನದು ಅಲ್ಲ. ನಮ್ಮ ಅಮ್ಮನಿಗೆ ಮಂಡಿನೋವು, ಜಾಸ್ತಿ ಹೊತ್ತು ನಿಲ್ಲೋಕಾಗಲ್ಲ. ಹಾಗಾಗಿ ಭಾನುವಾರ ಮೇಲೆ ಕರೆದುಕೊಂಡು ಹೋಗುತ್ತೇನೆ. ಹೋದ ವಾರ ದೋಸೆ ಬಂದಾಗ ಅಮ್ಮ ತಟ್ಟೆ ನೋಡಿ, ‘ಇದನ್ನ ಈಗ ಹುಯ್ದರೋ, ಆಗಲೇ ಹುಯ್ದಿಟ್ಟಿದ್ದರೋ?’ ಅಂತ ಕೇಳಿದರು. ಅಲ್ಲಿ ಕೂತು ಹೇಳೋಕೆ ನನಗೆ ಆಗಲಿಲ್ಲ.